ಕಾಂಗ್ರೆಷನಲ್ ಡಿಸ್ಟ್ರಿಕ್ಟ್ ಅಂದರೆ ಜಿಲ್ಲೆ ಅಲ್ಲ, ಕ್ಷೇತ್ರ

ಅಮೆರಿಕದ ಚುನಾವಣೆ ಬಂದಾಗಲೆಲ್ಲ ಕನ್ನಡದ ಸುದ್ದಿಗಳಲ್ಲಿ ಒಂದು ಪದ ತಪ್ಪದೆ ಕಾಣಿಸಿಕೊಳ್ಳುತ್ತದೆ. ‘ಮಿಷಿಗನ್‌ನ 13ನೇ ಕಾಂಗ್ರೆಸ್ ಜಿಲ್ಲೆ’. ‘ಏಳನೇ ಜಿಲ್ಲೆ ಗೆದ್ದ ರಿಪಬ್ಲಿಕನ್ನರು’. ‘ಜಿಲ್ಲೆಗಳ ಮರುವಿಂಗಡಣೆಗೆ ವಿರೋಧ’. ಎಷ್ಟು ಸಲ ಅಂತ ಓದಿ ಸುಮ್ಮನಿರೋದು? ಯಂತ್ರಕ್ಕೆ ಅನುವಾದ ಮಾಡಲು ಕೊಟ್ಟರೆ ಅದು ಹಾಗೇ ಕೊಡುತ್ತದೆ, ಒಪ್ಪುತ್ತೇನೆ. ಆದರೆ ಹಾಕುವ ಮುಂಚೆ ಒಬ್ಬರಾದರೂ ಓದಬೇಕಲ್ವಾ. ಇದಕ್ಕೆ ಹೊಸ ಪದ ಹುಟ್ಟಿಸುವ ಕಷ್ಟವೂ ಇಲ್ಲ. ನಾವು ದಿನಾ ಬಳಸುವ ಪದವೇ ಇದೆ: ಕ್ಷೇತ್ರ.

ಮೊದಲು ‘ಕಾಂಗ್ರೆಸ್’ ವಿಷಯ ಮುಗಿಸಿಬಿಡೋಣ, ಅದು ಚಿಕ್ಕದು. ಅಮೆರಿಕದಲ್ಲಿ ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ಸಂಸತ್ತು. ಅದಕ್ಕೆ ಎರಡು ಮನೆ. ಮೇಲ್ಮನೆ ಸೆನೆಟ್, ರಾಜ್ಯಕ್ಕೆ ಇಬ್ಬರಂತೆ 100 ಜನ. ಕೆಳಮನೆ ಪ್ರತಿನಿಧಿ ಸಭೆ, 435 ಜನ, ಅವಧಿ ಬರೀ ಎರಡು ವರ್ಷ. ಸೆನೆಟರನ್ನು ಇಡೀ ರಾಜ್ಯ ಆರಿಸುತ್ತದೆ, ಹಾಗಾಗಿ ಅಲ್ಲಿ ಕ್ಷೇತ್ರದ ಮಾತೇ ಇಲ್ಲ. ಪ್ರತಿನಿಧಿ ಸಭೆಗೆ ಮಾತ್ರ ರಾಜ್ಯವನ್ನು ತುಂಡು ಮಾಡಿ ಒಂದೊಂದು ತುಂಡಿನಿಂದ ಒಬ್ಬೊಬ್ಬರನ್ನು ಕಳಿಸುತ್ತಾರೆ. ಆ ತುಂಡೇ ಕಾಂಗ್ರೆಷನಲ್ ಡಿಸ್ಟ್ರಿಕ್ಟ್. ನಮ್ಮ ಲೋಕಸಭಾ ಕ್ಷೇತ್ರದ ಸರಿಸಮಾನ. ‘ಕಾಂಗ್ರೆಸ್ ಜಿಲ್ಲೆ’ ಅಂತ ಬರೆದರೆ ಹಾಸನದಲ್ಲೋ ಕಲಬುರಗಿಯಲ್ಲೋ ಕೂತು ಓದುವವರಿಗೆ ಕಾಂಗ್ರೆಸ್ ಪಕ್ಷದ ಜಿಲ್ಲಾ ಸಮಿತಿ ನೆನಪಾದರೆ ಅದು ಅವರ ತಪ್ಪಲ್ಲ.

ನಿಜವಾದ ತೊಂದರೆ ಇರುವುದು ‘ಜಿಲ್ಲೆ’ಯಲ್ಲಿ.

ಡಿಸ್ಟ್ರಿಕ್ಟ್ ಲ್ಯಾಟಿನ್ ಮೂಲದ್ದು. ‘ಡಿಸ್ಟ್ರಿಂಗೆರೆ’ ಅನ್ನುವ ಕ್ರಿಯಾಪದಕ್ಕೆ ಎಳೆದು ಬೇರೆ ಮಾಡು, ಬಿಗಿಹಿಡಿ ಅನ್ನುವ ಅರ್ಥಗಳಿವೆ. ಮಧ್ಯಯುಗದ ಯುರೋಪಿನಲ್ಲಿ ಒಬ್ಬ ಒಡೆಯ ಯಾವ ಮೇರೆಯೊಳಗೆ ಬಾಕಿದಾರರ ಸೊತ್ತು ಜಪ್ತಿ ಮಾಡಬಹುದಿತ್ತೋ ಆ ಮೇರೆಗೆ ‘ಡಿಸ್ಟ್ರಿಕ್ಟಸ್’ ಅಂತಿದ್ದರು. ಅಂದರೆ ಪದದ ಹೊಟ್ಟೆಯಲ್ಲಿರುವುದು ‘ಒಬ್ಬನ ಅಧಿಕಾರಕ್ಕೆ ಎಳೆದ ಗೆರೆ’ ಅಷ್ಟೇ. ನಮ್ಮ ‘ಜಿಲ್ಲೆ’ಯ ದಾರಿಯೇ ಬೇರೆ. ಅದು ಅರಬ್ಬಿಯಿಂದ ಬಂದದ್ದು, ಅಲ್ಲಿ ಪಕ್ಕೆಲುಬು, ಬದಿ ಅನ್ನುವ ಅರ್ಥ. ಪರ್ಷಿಯನ್, ಉರ್ದು ದಾಟಿ ಕಂದಾಯದ ಲೆಕ್ಕಕ್ಕೆ ಸೇರಿ ನಾಡಿನ ಒಂದು ಭಾಗ ಅನ್ನುವ ಅರ್ಥದಲ್ಲಿ ನಿಂತಿತು. ಬ್ರಿಟಿಷರು ಅದರ ತಲೆಯ ಮೇಲೆ ಕಲೆಕ್ಟರನ್ನು ಕೂರಿಸಿ ಇಂಗ್ಲಿಷಿನಲ್ಲಿ ಡಿಸ್ಟ್ರಿಕ್ಟ್ ಅಂತ ಬರೆದುಕೊಂಡರು. ಅಲ್ಲಿಂದ ಇವೆರಡೂ ಒಂದೇ ಅನ್ನುವುದು ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ.

ಅಮೆರಿಕದಲ್ಲಿ ಆ ಜೋಡಿ ಆಗಲೇ ಇಲ್ಲ. ಅಲ್ಲಿ ಡಿಸ್ಟ್ರಿಕ್ಟ್ ಅಂದರೆ ಒಂದು ಕೆಲಸಕ್ಕೆ ಅಂತ ಗೆರೆ ಹಾಕಿದ ಜಾಗ, ಆ ಕೆಲಸ ಯಾವುದೇ ಆಗಿರಲಿ. ಕೋರ್ಟಿಗೆ ಒಂದು ಡಿಸ್ಟ್ರಿಕ್ಟ್: ಮಿಷಿಗನ್ ರಾಜ್ಯವನ್ನು ಫೆಡರಲ್ ಕೋರ್ಟುಗಳು ಪೂರ್ವ, ಪಶ್ಚಿಮ ಅಂತ ಎರಡೇ ಡಿಸ್ಟ್ರಿಕ್ಟ್ ಮಾಡಿಕೊಂಡಿವೆ. ಶಾಲೆಗಳಿಗೆ ಇನ್ನೊಂದು. ಅಲ್ಲಿರುವ ನಮ್ಮ ಕನ್ನಡದವರು ಮನೆ ಕೊಳ್ಳುವಾಗ ಮೊದಲು ಕೇಳುವ ಪ್ರಶ್ನೆಯೇ ‘ಸ್ಕೂಲ್ ಡಿಸ್ಟ್ರಿಕ್ಟ್ ಹೇಗಿದೆ’ ಅಂತ. ಅದನ್ನು ಯಾರೂ ‘ಶಾಲಾ ಜಿಲ್ಲೆ ಹೇಗಿದೆ’ ಅಂತ ಕೇಳಲ್ಲ, ಯಾಕಂದರೆ ಅಲ್ಲಿ ಬದುಕುವವರಿಗೆ ಅದು ಜಿಲ್ಲೆ ಅಲ್ಲ ಅನ್ನೋದು ಗೊತ್ತು. ನಮ್ಮ ಜಿಲ್ಲೆಗೆ ಹತ್ತಿರವಾದದ್ದು ಬೇಕಾದರೆ ಅದು ಕೌಂಟಿ. ಅದಕ್ಕೆ ಕಚೇರಿ ಇದೆ, ಶೆರಿಫ್ ಇದ್ದಾರೆ, ಜಮೀನಿನ ಪತ್ರ ನೋಂದಾಯಿಸುವ ಜಾಗ ಇದೆ. ಮಿಷಿಗನ್‌ನಲ್ಲಿ 83 ಕೌಂಟಿಗಳಿವೆ. ಕಾಂಗ್ರೆಷನಲ್ ಡಿಸ್ಟ್ರಿಕ್ಟ್ 13 ಮಾತ್ರ. ಅದಕ್ಕೆ ಆಡಳಿತ ಕಚೇರಿ ಇಲ್ಲ, ಅಧಿಕಾರಿ ಇಲ್ಲ. ಗೆದ್ದ ಸಂಸದರು ಜನರ ಅಹವಾಲು ಕೇಳಲು ಒಂದು ಆಫೀಸು ತೆರೆದಿರುತ್ತಾರೆ, ಅಷ್ಟೇ.

ನಾವು ಈ ವ್ಯತ್ಯಾಸ ಗೊತ್ತಿಲ್ಲದವರೇನಲ್ಲ. ಶ್ರೀ ಥಾಣೇದಾರ್ ಅವರನ್ನೇ ತೆಗೆದುಕೊಳ್ಳಿ. ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ, ಅಮೆರಿಕಕ್ಕೆ ಹೋಗಿ ರಸಾಯನಶಾಸ್ತ್ರ ಓದಿ ಉದ್ಯಮಿ ಆಗಿ 2022ರಲ್ಲಿ ಮಿಷಿಗನ್‌ನ ಡೆಟ್ರಾಯಿಟ್‌ನಿಂದ ಪ್ರತಿನಿಧಿ ಸಭೆಗೆ ಗೆದ್ದವರು, 2024ರಲ್ಲಿ ಮತ್ತೆ ಗೆದ್ದರು. ಇವರ ಬಗ್ಗೆ ಬರೆಯುವಾಗಲೇ ‘13ನೇ ಜಿಲ್ಲೆ’ ಜಾಸ್ತಿ ಕಾಣಿಸುತ್ತದೆ. ಇವರು ಹುಟ್ಟಿದ ಚಿಕ್ಕೋಡಿ ಒಂದು ಲೋಕಸಭಾ ಕ್ಷೇತ್ರ. ಆದರೆ ಊರು ಇರುವುದು ಬೆಳಗಾವಿ ಜಿಲ್ಲೆಯಲ್ಲಿ, ಅದನ್ನು ಬೇರೆ ಜಿಲ್ಲೆ ಮಾಡಿ ಅಂತ ಜನ ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. ಚಿಕ್ಕೋಡಿಯವರ ಹತ್ತಿರ ಹೋಗಿ ‘ನಿಮ್ಮದು ಕ್ಷೇತ್ರ ಆಗಿದೆಯಲ್ಲ, ಅಂದಮೇಲೆ ಜಿಲ್ಲೆಯೂ ಆದ ಹಾಗೇ’ ಅಂದು ನೋಡಿ. ಇನ್ನೂ ಚೆನ್ನಾದ ಉದಾಹರಣೆ ಬೆಂಗಳೂರು ಗ್ರಾಮಾಂತರ. 2024ರ ಲೋಕಸಭಾ ಚುನಾವಣೆಯಲ್ಲಿ ಆ ಹೆಸರಿನ ಜಿಲ್ಲೆಯ ನಾಲ್ಕೂ ತಾಲ್ಲೂಕಿನ ಕೇಂದ್ರಗಳು, ಅಂದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ಓಟು ಹಾಕಿದ್ದು ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ. ಅದೇ ಹೆಸರಿನ ಕ್ಷೇತ್ರದಲ್ಲಿದ್ದದ್ದು ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ, ಕುಣಿಗಲ್, ಆನೇಕಲ್ ಕಡೆಯವರು. ನಮ್ಮಲ್ಲಿ ಇಷ್ಟು ನಿಚ್ಚಳವಾಗಿರುವ ವ್ಯತ್ಯಾಸ ಅಮೆರಿಕದ ಸುದ್ದಿ ಬರೆಯುವಾಗ ಎಲ್ಲಿ ಹೋಗುತ್ತದೆ?

ಮಿಷಿಗನ್ ನಕ್ಷೆ ಹರಡಿಕೊಂಡು ನೋಡಿದರೆ ಗೊಂದಲ ಉಳಿಯುವುದೇ ಇಲ್ಲ. ಉತ್ತರದ 1ನೇ ಕ್ಷೇತ್ರದೊಳಗೆ ಮೇಲಿನ ಪರ್ಯಾಯ ದ್ವೀಪದ 15 ಕೌಂಟಿಗಳೂ ಇವೆ, ಸಾಲದು ಅಂತ ಕೆಳಗಿನ ಭಾಗದ ಇನ್ನಷ್ಟು ಕೌಂಟಿಗಳೂ ಸೇರಿವೆ. ಕಾಡು, ಸರೋವರ, ಚೂರುಪಾರು ಜನ. ದಕ್ಷಿಣಕ್ಕೆ ಬಂದರೆ ಉಲ್ಟಾ. ಡೆಟ್ರಾಯಿಟ್ ಒಂದೇ ಊರು, ಆದರೂ 12 ಮತ್ತು 13ನೇ ಕ್ಷೇತ್ರಗಳಿಗೆ ಹಂಚಿಹೋಗಿದೆ. ಪಕ್ಕದ ಓಕ್‌ಲೆಂಡ್ ಕೌಂಟಿಯಲ್ಲಿ ನಮ್ಮ ಐಟಿಯವರೂ ಕಾರು ಕಂಪನಿಗಳ ಎಂಜಿನಿಯರ್‌ಗಳೂ ತುಂಬಾ ಇದ್ದಾರೆ. ಅಲ್ಲಿ ನೋವೈ ಊರು 6ನೇ ಕ್ಷೇತ್ರ, ಅದಕ್ಕೆ ಅಂಟಿಕೊಂಡ ಫಾರ್ಮಿಂಗ್ಟನ್ ಹಿಲ್ಸ್ 11ನೇ ಕ್ಷೇತ್ರ, ರೋಚೆಸ್ಟರ್ ಹಿಲ್ಸ್ 10ನೇ ಕ್ಷೇತ್ರ. ಮೂವರೂ ಆಸ್ತಿ ಪತ್ರಕ್ಕೆ ಹೋಗುವುದು ಒಂದೇ ಕೌಂಟಿ ಕಚೇರಿಗೆ, ಓಟು ಹಾಕುವುದು ಮೂರು ಬೇರೆ ಬೇರೆ ಸೀಟಿಗೆ. ಇದನ್ನು ಜಿಲ್ಲೆ ಅಂದರೆ ಒಂದು ಜಿಲ್ಲೆಯೊಳಗೆ ಮೂರು ಜಿಲ್ಲೆ ಅಂತ ಬರೆಯಬೇಕಾಗುತ್ತದೆ!

ಸಂಖ್ಯೆಯ ಮಾತೂ ಹೇಳಬೇಕು. ನಮ್ಮ ಕ್ಷೇತ್ರಗಳಿಗೆ ಊರಿನ ಹೆಸರು, ಅವರದ್ದಕ್ಕೆ ನಂಬರ್. ಆ ನಂಬರ್ ನೆಲಕ್ಕೆ ಅಂಟಿಕೊಂಡಿಲ್ಲ. ಡೆಟ್ರಾಯಿಟ್‌ನ ಜಾನ್ ಕಾನ್ಯರ್ಸ್ 1965ರಿಂದ 2017ರವರೆಗೆ ಸಂಸದರಾಗಿದ್ದರು. ಮೊದಲು 1ನೇ ಕ್ಷೇತ್ರ, 1993ರಿಂದ 14ನೇ ಕ್ಷೇತ್ರ, 2013ರಿಂದ 13ನೇ ಕ್ಷೇತ್ರ. ಮನುಷ್ಯ ಡೆಟ್ರಾಯಿಟ್ ಬಿಟ್ಟು ಕದಲಲಿಲ್ಲ, ನಂಬರ್ ಬದಲಾಯಿತು. ಡಿಂಗೆಲ್ ಮನೆತನದ್ದು ಇನ್ನೂ ದೊಡ್ಡ ಕಥೆ. ತಂದೆ 1933ರಲ್ಲಿ ಕಾಂಗ್ರೆಸ್ ಪ್ರವೇಶಿಸಿದರು, ಅವರ ನಂತರ ಮಗ ಜಾನ್ ಡಿಂಗೆಲ್ 1955ರಿಂದ 2015ರವರೆಗೆ ಕೂತರು. ಕಾಂಗ್ರೆಸ್‌ನಲ್ಲಿ ಅಷ್ಟು ದೀರ್ಘ ಕಾಲ ಇದ್ದವರು ಬೇರೆ ಯಾರೂ ಇಲ್ಲ. ಆಮೇಲೆ ಅವರ ಹೆಂಡತಿ ಡೆಬಿ ಡಿಂಗೆಲ್. ಮಗ 15, 16, ಮತ್ತೆ 15, ಕೊನೆಗೆ 12ನೇ ಕ್ಷೇತ್ರ. ಡೆಬಿ ಅವರದ್ದು 12ನೇ ಕ್ಷೇತ್ರ, 2023ರಿಂದ 6ನೇ ಕ್ಷೇತ್ರ. ಹಾಗಾಗಿ ‘13ನೇ ಕ್ಷೇತ್ರ ಹಿಂದೆ ಯಾರ ಬಳಿ ಇತ್ತು’ ಅಂತ ಹುಡುಕುವಾಗ ನಂಬರ್ ನೋಡಿ ಬರೆದರೆ ಎಡವುತ್ತೀರಿ. ಥಾಣೇದಾರ್‌ಗಿಂತ ಮೊದಲು 13ನೇ ಕ್ಷೇತ್ರದ ಸಂಸದೆ ರಶೀದಾ ತ್ಲೈಬ್. ಅವರನ್ನು ಥಾಣೇದಾರ್ ಸೋಲಿಸಲಿಲ್ಲ. ಗೆರೆ ಬದಲಾದ ಮೇಲೆ ಅವರು 12ನೇ ಕ್ಷೇತ್ರಕ್ಕೆ ಹೋಗಿ ಅಲ್ಲಿ ಗೆದ್ದರು.

ಗೆರೆ ಬದಲಾಗುವುದಕ್ಕೆ ನಮ್ಮಲ್ಲಿ ‘ಕ್ಷೇತ್ರ ಪುನರ್ವಿಂಗಡಣೆ’ ಅನ್ನುವ ಪದ ಇದೆ. ಈಚೆಗಂತೂ ಟೀ ಅಂಗಡಿಯಲ್ಲೂ ಆ ಮಾತೇ. ‘ಜಿಲ್ಲೆಗಳ ಮರುವಿಂಗಡಣೆ’ ಅಂತ ಬರೆದರೆ ಓದುವವರಿಗೆ ಹೊಸ ತಾಲ್ಲೂಕು, ಹೊಸ ಡಿಸಿ ಕಚೇರಿ ಕಣ್ಣಿಗೆ ಬರುತ್ತದೆ. ಅಮೆರಿಕದ ರಾಜಕೀಯದಲ್ಲಿ ಜನ ಕೋರ್ಟು ಹತ್ತಿ ಬಡಿದಾಡುವ ವಿಷಯ ಇಲ್ಲಿ ಗಡಿ ತಂಟೆಯಂತೆ ಕಾಣುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ.

ಏನಾಯಿತು ನೋಡಿ. 2012ರಲ್ಲಿ ಮಿಷಿಗನ್ ಪೂರ್ತಿ ಲೆಕ್ಕ ಹಾಕಿದರೆ ಪ್ರತಿನಿಧಿ ಸಭೆಗೆ ಡೆಮಾಕ್ರಟ್ ಅಭ್ಯರ್ಥಿಗಳಿಗೇ ಹೆಚ್ಚು ಓಟು ಬಿದ್ದಿತ್ತು. ಸೀಟು ಮಾತ್ರ 14ರಲ್ಲಿ 5. ಉಳಿದ 9 ರಿಪಬ್ಲಿಕನ್ನರಿಗೆ. ಕಾರಣ ಗೆರೆ. ರಾಜ್ಯದ ಶಾಸನಸಭೆ ರಿಪಬ್ಲಿಕನ್ನರ ಕೈಯಲ್ಲಿತ್ತು, ನಕ್ಷೆ ಬರೆದವರು ಅವರೇ. ಎದುರಾಳಿಯ ಓಟುಗಳನ್ನೆಲ್ಲ ಕೆಲವೇ ಕ್ಷೇತ್ರಗಳಿಗೆ ತುರುಕಿದರೆ ಅಲ್ಲಿ ಅವರು ಭರ್ಜರಿಯಾಗಿ ಗೆಲ್ಲುತ್ತಾರೆ, ಮಿಕ್ಕ ಕಡೆ ಸೋಲುತ್ತಾರೆ. ಇದಕ್ಕೆ ಜೆರಿಮ್ಯಾಂಡರಿಂಗ್ ಅನ್ನುತ್ತಾರೆ. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್ಬ್ರಿಜ್ ಜೆರಿ ಸಹಿ ಹಾಕಿದ ನಕ್ಷೆಯ ಒಂದು ಕ್ಷೇತ್ರ ಸಾಲಮ್ಯಾಂಡರ್ ಪ್ರಾಣಿಯ ಆಕಾರದಲ್ಲಿತ್ತು ಅಂತ ಆ ಹೆಸರು. ಮಿಷಿಗನ್ ಜನ ಬೇಸತ್ತು 2018ರ ನವೆಂಬರ್‌ನಲ್ಲಿ ಜನಮತ ಹಾಕಿ ಗೆರೆ ಎಳೆಯುವ ಅಧಿಕಾರವನ್ನೇ ಶಾಸಕರಿಂದ ಕಿತ್ತುಕೊಂಡರು. ಈಗ ಅದನ್ನು ಮಾಡುವುದು 13 ಜನ ಸಾಮಾನ್ಯ ಮತದಾರರ ಆಯೋಗ: ನಾಲ್ವರು ಡೆಮಾಕ್ರಟ್, ನಾಲ್ವರು ರಿಪಬ್ಲಿಕನ್, ಐವರು ಯಾವ ಪಕ್ಷಕ್ಕೂ ಸೇರದವರು. ಅರ್ಜಿ ಹಾಕಿದವರಲ್ಲಿ ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಅವರು ಪಾಲಿಸಬೇಕಾದ ನಿಯಮಗಳ ಪಟ್ಟಿ ರಾಜ್ಯದ ಸಂವಿಧಾನದಲ್ಲೇ ಇದೆ. ಮೊದಲು ಸಮಾನ ಜನಸಂಖ್ಯೆ. ಆಮೇಲೆ ಬಿಡಿಯಾಗದ ಭೂಭಾಗ, ಒಂದೇ ಹಿತಾಸಕ್ತಿಯ ಸಮುದಾಯಗಳು, ಯಾವ ಪಕ್ಷಕ್ಕೂ ಅನುಕೂಲ ಆಗದಿರುವುದು. ಕೌಂಟಿ, ಊರುಗಳ ಗಡಿ ಬರುವುದು ಪಟ್ಟಿಯ ಕೊನೆಯ ಹತ್ತಿರ. ಆಡಳಿತದ ಗಡಿಗೆ ಕಾನೂನೇ ಕೊಟ್ಟಿರುವ ಸ್ಥಾನ ಅದು. ಅಂಥದ್ದನ್ನು ಜಿಲ್ಲೆ ಅನ್ನುವುದು ಹೇಗೆ?

ಆಯೋಗದ ನಕ್ಷೆಯಲ್ಲಿ ಮೊದಲ ಚುನಾವಣೆ 2022ರಲ್ಲಿ ನಡೆಯಿತು. 13ರಲ್ಲಿ 7 ಡೆಮಾಕ್ರಟ್, 6 ರಿಪಬ್ಲಿಕನ್. ಎರಡು ವರ್ಷ ಬಿಟ್ಟು ಅದು 7 ರಿಪಬ್ಲಿಕನ್, 6 ಡೆಮಾಕ್ರಟ್ ಆಯಿತು. ರಾಜ್ಯದ ರಾಜಧಾನಿ ಲ್ಯಾನ್ಸಿಂಗ್ ಇರುವ 7ನೇ ಕ್ಷೇತ್ರವನ್ನು ಎಲಿಸಾ ಸ್ಲಾಟ್ಕಿನ್ ಸೆನೆಟ್‌ಗೆ ನಿಲ್ಲಲು ಬಿಟ್ಟುಕೊಟ್ಟಿದ್ದರು, ರಿಪಬ್ಲಿಕನ್ ಟಾಮ್ ಬ್ಯಾರೆಟ್ ಗೆದ್ದರು. 2022ರಲ್ಲಿ 10ನೇ ಕ್ಷೇತ್ರದಲ್ಲಿ ಜಾನ್ ಜೇಮ್ಸ್ ಗೆದ್ದದ್ದು ಸುಮಾರು 1,600 ಓಟಿನಿಂದ. ಒಂದೊಂದು ಕ್ಷೇತ್ರದ ಜನಸಂಖ್ಯೆ ಸುಮಾರು 7.75 ಲಕ್ಷ ಅನ್ನುವುದು ನೆನಪಿರಲಿ. ಒಂದು ಬೀದಿಯ ಆಚೆಗೋ ಈಚೆಗೋ ಗೆರೆ ಹೋಗಿದ್ದರೆ ಫಲಿತಾಂಶವೇ ಬೇರೆ ಇರಬಹುದಿತ್ತು.

ಇನ್ನು ಸೀಟುಗಳ ಸಂಖ್ಯೆ. 435 ಅನ್ನುವುದು ನೂರು ವರ್ಷಕ್ಕೂ ಹಳೆಯ ಮಿತಿ. ಪ್ರತಿ ಹತ್ತು ವರ್ಷದ ಜನಗಣತಿ ಆದಮೇಲೆ ಅದನ್ನೇ 50 ರಾಜ್ಯಗಳಿಗೆ ಮತ್ತೆ ಹಂಚುತ್ತಾರೆ. 1970ರಲ್ಲಿ ಮಿಷಿಗನ್ ಜನಸಂಖ್ಯೆ 89 ಲಕ್ಷದ ಹತ್ತಿರ ಇತ್ತು, ಸೀಟು 19. 2020ರಲ್ಲಿ ಒಂದು ಕೋಟಿ ದಾಟಿತು, ಸೀಟು 13. ಜನ ಕಡಿಮೆ ಆಗಿಲ್ಲ. ಟೆಕ್ಸಸ್, ಫ್ಲಾರಿಡಾ ಇನ್ನೂ ಬೇಗ ಬೆಳೆದವು. ನಮ್ಮಲ್ಲಿ ರಾಜ್ಯಗಳ ಲೋಕಸಭಾ ಸೀಟಿನ ಹಂಚಿಕೆ 1971ರ ಜನಗಣತಿಗೆ ನಿಂತುಹೋಗಿದೆ. ಆ ತಡೆ ತೆಗೆದರೆ ಕರ್ನಾಟಕದ ಪಾಲು ಏನಾಗುತ್ತದೆ ಅನ್ನುವ ಆತಂಕ ಇರುವವರು ಮಿಷಿಗನ್ ಕಥೆಯನ್ನು ಸರಿಯಾದ ಪದಗಳಲ್ಲಿ ಓದಲೇಬೇಕು. ‘ಮಿಷಿಗನ್ ಒಂದು ಜಿಲ್ಲೆ ಕಳೆದುಕೊಂಡಿತು’ ಅಂತ ಬರೆದರೆ ನೆಲ ಹೋಯಿತು ಅನ್ನಿಸುತ್ತದೆ. ಹೋದದ್ದು ದೆಹಲಿಗೆ ಸಮನಾದ ವಾಷಿಂಗ್ಟನ್‌ನಲ್ಲಿ ಒಂದು ಕುರ್ಚಿ.

ಇನ್ನೊಂದು ಗೊಂದಲ ಬೇಗ ಹೇಳಿಬಿಡುತ್ತೇನೆ. ಮಿಷಿಗನ್ ರಾಜ್ಯಕ್ಕೆ ತನ್ನದೇ ಶಾಸನಸಭೆ ಇದೆ, ಕೆಳಮನೆಗೆ 110, ಮೇಲ್ಮನೆಗೆ 38 ಸೀಟು. ಅವುಗಳ ಕ್ಷೇತ್ರಗಳಿಗೂ ನಂಬರೇ. ಅಂದರೆ ‘ಮಿಷಿಗನ್ 13’ ಅನ್ನುವುದು ಮೂರು ಬೇರೆ ಬೇರೆ ಕ್ಷೇತ್ರ ಆಗಬಹುದು. ಥಾಣೇದಾರ್ ಸಂಸದರಾಗುವ ಮುಂಚೆ ರಾಜ್ಯದ ಕೆಳಮನೆಯಲ್ಲಿ 3ನೇ ಕ್ಷೇತ್ರದ ಶಾಸಕರಾಗಿದ್ದರು. ಅದು ವಿಧಾನಸಭಾ ಕ್ಷೇತ್ರ ಇದ್ದ ಹಾಗೆ. ‘ವಿಧಾನಸಭೆಗೆ ಥಾಣೇದಾರ್ ಮರುಆಯ್ಕೆ’ ಅಂತ 2024ರ ಬಗ್ಗೆ ಬರೆದರೆ ಅದು ಶುದ್ಧ ತಪ್ಪು. ‘ಪ್ರತಿನಿಧಿ ಸಭೆಯ 13ನೇ ಕ್ಷೇತ್ರ’ ಅಂದರೆ ಸಾಕು, ಎಲ್ಲ ಬಂತು.

ಕ್ಷೇತ್ರವೇ ಇಲ್ಲದ ಸೀಟೂ ಉಂಟು. ಅಲಾಸ್ಕ, ವರ್ಮಾಂಟ್, ವಯೋಮಿಂಗ್ ತರಹದ ರಾಜ್ಯಗಳಿಗೆ ಇರುವುದೇ ಒಂದು ಸೀಟು, ಇಡೀ ರಾಜ್ಯವೇ ಕ್ಷೇತ್ರ. ಇದಕ್ಕೆ ‘ಅಟ್ ಲಾರ್ಜ್’ ಅನ್ನುತ್ತಾರೆ. ಮಿಷಿಗನ್‌ನಲ್ಲೂ ಒಮ್ಮೆ ಹೀಗಾಗಿತ್ತು. 1960ರ ಜನಗಣತಿಯ ಮೇಲೆ 19ನೇ ಸೀಟು ಸಿಕ್ಕಿತು, ಅದಕ್ಕೆ ಗೆರೆ ಎಳೆಯಲು ಆಗಲಿಲ್ಲ. 18 ಕ್ಷೇತ್ರಗಳ ಜೊತೆಗೆ 19ನೆಯವರಾಗಿ ನೀಲ್ ಸ್ಟೇಬ್ಲರ್ ಅವರನ್ನು ಇಡೀ ರಾಜ್ಯ ಆರಿಸಿತು.

ಕೊನೆಗೆ ಉಪಚುನಾವಣೆ. ಕಾನ್ಯರ್ಸ್ 2017ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಉಳಿದ ಅವಧಿಯ ಉಪಚುನಾವಣೆಯನ್ನೂ ಮುಂದಿನ ಪೂರ್ಣ ಅವಧಿಯ ಚುನಾವಣೆಯನ್ನೂ 2018ರಲ್ಲಿ ಒಂದೇ ದಿನ ಇಟ್ಟರು. ಆಗಸ್ಟ್‌ನ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸುವ ಚುನಾವಣೆಯಲ್ಲಿ, ಅದೇ 13ನೇ ಕ್ಷೇತ್ರದ ಡೆಮಾಕ್ರಟ್ ಮತದಾರರು ಉಪಚುನಾವಣೆಗೆ ಬ್ರೆಂಡಾ ಜೋನ್ಸ್ ಅವರನ್ನು ಆರಿಸಿದರು, ಪೂರ್ಣ ಅವಧಿಗೆ ತ್ಲೈಬ್ ಅವರನ್ನು. ನವೆಂಬರ್‌ನಲ್ಲಿ ಇಬ್ಬರೂ ಗೆದ್ದರು. ಜೋನ್ಸ್ ಕೆಲವೇ ವಾರ ಸಂಸದೆ, 2019ರ ಜನವರಿ 3ರಿಂದ ತ್ಲೈಬ್. ಒಂದು ಕ್ಷೇತ್ರ, ಒಂದು ದಿನ, ಇಬ್ಬರು ವಿಜೇತರು. ಆದ್ದರಿಂದ 2018ರಲ್ಲಿ 13ನೇ ಕ್ಷೇತ್ರ ಗೆದ್ದವರು ಯಾರು ಅಂತ ಬರೆಯುವಾಗ ಯಾವ ಅವಧಿಗೆ ಅನ್ನುವುದನ್ನೂ ಬರೆಯಿರಿ.