ಪುಕ್ಕಟೆ ಜಾಗದ ಗ್ರಂಥಾಲಯ ಯಾರಿಗೆ?

ಗ್ರಂಥಾಲಯಕ್ಕೆ ಜಾಗ ನೋಡುವ ಸಭೆಗಳಿಗೆ ನನ್ನನ್ನು ಆಗಾಗ ಕರೆಯುತ್ತಾರೆ. ಹುಬ್ಬಳ್ಳಿ, ಗದಗ, ಹಾವೇರಿ, ಊರು ಯಾವುದೇ ಇರಲಿ, ಮೊದಲ ಮಾತು ಒಂದೇ: "ಸರ, ಜಾಗಾ ಪುಕ್ಕಟೆ ಐತ್ರಿ, ಸುತ್ತ ಶಾಂತ ಐತ್ರಿ." ನೋಡಿದರೆ ಅದು ಹೊಸ ಬಡಾವಣೆಯ ಕೊನೆಗೆ ಉಳಿದ, ಸಾರ್ವಜನಿಕ ಸೌಕರ್ಯಕ್ಕೆ ಅಂತ ಬಿಟ್ಟ ಸಿಎ ಸೈಟು. ನಕಾಶೆಯ ಮೇಲೆ ಬೆರಳಿಟ್ಟು "ಬಸ್‌ಸ್ಟ್ಯಾಂಡಿಂದ ಎರಡೇ ಕಿಲೋಮೀಟರ್" ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೂ ನನಗೆ ಸಿಟ್ಟು ಬರುತ್ತದೆ.

ಬೈಕ್ ಇದ್ದವರಿಗೆ ಎರಡು ಕಿಲೋಮೀಟರ್ ಏನೂ ಅಲ್ಲ. ಆದರೆ ನಮ್ಮಲ್ಲಿಗೆ ದಿನಾ ಬರುವವರು ಯಾರು? ಪೇಪರ್ ಓದುವ ನಿವೃತ್ತರು, ಶಾಲೆ ಬಿಟ್ಟ ಮಕ್ಕಳು, ಪಿಎಸ್‌ಐ, ಕೆಎಎಸ್ ಅಂತ ಓದುವ ಹುಡುಗ ಹುಡುಗಿಯರು. ಜಾಸ್ತಿ ಜನ ನಡೆದೇ ಬರುತ್ತಾರೆ. ಆಷಾಢದ ಮಳೆಯಲ್ಲಿ ನಮ್ಮ ಎರಿ ಮಣ್ಣಿನ ದಾರಿ ತುಳಿದು ನೋಡಿ. ಹೆಜ್ಜೆ ಇಟ್ಟಷ್ಟೂ ಚಪ್ಪಲಿಗೆ ಮಣ್ಣು ಅಂಟಿ ಕಾಲು ಭಾರ ಆಗುತ್ತದೆ. ಮೆಟ್ಟಿಲ ಅಂಚಿಗೆ ಚಪ್ಪಲಿ ಕೆರೆದು, ಕಡ್ಡಿಯಿಂದ ಮಣ್ಣು ತೆಗೆದು ಒಳಗೆ ಬರಬೇಕು. ಎರಡು ಸಲ ಹೀಗಾದವರು ಮಳೆಗಾಲ ಮುಗಿಯುವ ತನಕ ಇತ್ತ ಸುಳಿಯುವುದಿಲ್ಲ.

ದೂರವನ್ನು ನಕಾಶೆಯ ಮೇಲೆ ಅಳೆಯಬೇಡಿ ಅಂತ ಎಷ್ಟು ಹೇಳಿದರೂ ಕಡಿಮೆಯೇ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ ಓಡುವ ರಸ್ತೆ ನೋಡಿದ್ದೀರಲ್ವಾ? ರಸ್ತೆ ನಡುವೆ ಆ ಬಸ್ಸಿಗೇ ಮೀಸಲಾದ ದಾರಿಗೆ ಬೇಲಿ ಇದೆ. ಆ ರಸ್ತೆ ಬದಿಯ ಅಜ್ಜ ಒಬ್ಬರಿಗೆ ಎದುರಿನ ಓದುವ ಕೋಣೆ ಮನೆ ಬಾಗಿಲಿಂದಲೇ ಕಾಣುತ್ತಿತ್ತು. ಆದರೆ ದಾಟಲು ಬಸ್ ನಿಲ್ದಾಣದ ತನಕ ನಡೆದು, ಆ ಕಡೆ ಅಷ್ಟೇ ದೂರ ವಾಪಸ್ ಬರಬೇಕು. "ಕಣ್ಣಿಗೆ ಕಾಣಸ್ತೈತಿ ತಮ್ಮಾ, ಕಾಲಿಗೆ ದೂರ ಆಗ್ತೈತಿ" ಅಂದರು. ರೈಲ್ವೆ ಹಳಿ, ದೊಡ್ಡ ನಾಲಾ, ಬೈಪಾಸ್ ಎಲ್ಲದರದ್ದೂ ಇದೇ ಕಥೆ.

ಮೊದಲು ಜನ ದಿನಾ ಎಲ್ಲಿ ಓಡಾಡುತ್ತಾರೆ ನೋಡಿ. ಕಾಯಿಪಲ್ಲೆ ತರುವುದು, ಬಸ್ ಹಿಡಿಯುವುದು, ಬ್ಯಾಂಕಿಗೆ ಹೋಗುವುದು, ಮಕ್ಕಳನ್ನು ಶಾಲೆಯಿಂದ ಕರೆತರುವುದು. ಆ ದಾರಿಯಲ್ಲೇ ಗ್ರಂಥಾಲಯ ಇದ್ದರೆ ಬೇರೆ ಕೆಲಸಕ್ಕೆ ಹೊರಟವರೂ ಒಳಗೆ ಹಣಿಕಿ ಹಾಕುತ್ತಾರೆ. ಧಾರವಾಡದ ಸಪ್ತಾಪುರಕ್ಕೆ ಹೋಗಿ. ಅಲ್ಲಿ ದುಡ್ಡು ತೆಗೆದುಕೊಂಡು ಓದುವ ಕೋಣೆ ನಡೆಸುವವರು ಕೋಚಿಂಗ್ ಸೆಂಟರ್, ಪಿಜಿ, ಖಾನಾವಳಿ ಇರುವ ಓಣಿಗಳನ್ನೇ ಹಿಡಿದಿದ್ದಾರೆ. ವ್ಯಾಪಾರಕ್ಕೆ ಕೂತವರಿಗೆ ತಿಳಿದದ್ದು ನಮ್ಮ ಸಭೆಗಳಿಗೆ ಯಾಕೆ ಹೊಳೆಯುವುದಿಲ್ಲ?

"ಪ್ಯಾಟಿ ಗದ್ದಲದಾಗ ಓದೂದು ಹೆಂಗ್ರಿ?" ಅಂತ ಕೇಳುತ್ತಾರೆ. ಪೇಪರ್ ವಿಭಾಗ ರಸ್ತೆ ಕಡೆಗಿರಲಿ, ಓದುವ ಕೋಣೆ ಹಿಂದಕ್ಕಿರಲಿ. ದಪ್ಪ ಗೋಡೆ, ಸರಿಯಾಗಿ ಮುಚ್ಚುವ ಕಿಟಕಿ ಇದ್ದರೆ ಗದ್ದಲ ಬಹಳಷ್ಟು ತಗ್ಗುತ್ತದೆ. ಶಾಂತಿಯನ್ನು ಕಟ್ಟಿಸಿಕೊಳ್ಳಬಹುದು, ಓದುಗರನ್ನು ಹಾಗೆ ಕಟ್ಟಿಸಲು ಬರುವುದಿಲ್ಲ. ಹಾಗಂತ ಪೇಟೆಯ ಯಾವುದೋ ಹಳೇ ಮಾಳಿಗೆಗೆ ಸುಮ್ನೆ ರ‍್ಯಾಕ್ ಏರಿಸಬೇಡಿ. ಮನೆಯ ಕೋಣೆಗೆ ಹಿಡಿಯುವ ಭಾರದ ಸುಮಾರು ಮೂರು ಪಟ್ಟು ಭಾರವನ್ನು ಪುಸ್ತಕ ತುಂಬಿದ ಕೋಣೆಗೆ ಹಿಡಿಯಬೇಕು. ಎಂಜಿನಿಯರ್ ನೋಡಿ ಹೇಳುವ ತನಕ ನಾನಂತೂ ಹೂಂ ಅನ್ನುವುದಿಲ್ಲ. ಮೆಟ್ಟಿಲು ಹತ್ತಲಾಗದ ಹಿರಿಯರಿಗೆ ಪೇಪರ್ ಕೆಳಗೇ ಸಿಗಬೇಕು.

ಇನ್ನು ಪುಕ್ಕಟೆ ಅನ್ನುವ ಮಾತು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ಅದು ಜನರ ದುಡ್ಡು. ಯಾರೂ ಬಾರದ ಕಟ್ಟಡಕ್ಕೂ ಕರೆಂಟ್ ಬಿಲ್ಲು, ಸಿಬ್ಬಂದಿ ಸಂಬಳ ತಪ್ಪುವುದಿಲ್ಲ. ಗ್ರಂಥಾಲಯ ಶಾಸ್ತ್ರದ ದೊಡ್ಡ ಹೆಸರು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅನ್ನುತ್ತದೆ. ಅದನ್ನು ಪುಸ್ತಕ ಬೇಗ ಹುಡುಕಿಕೊಡುವುದಕ್ಕಷ್ಟೇ ಹಚ್ಚುತ್ತೇವೆ. ಮನೆ ಹೊಸ್ತಿಲು ದಾಟಿದ ಕೂಡಲೇ ಆ ಸಮಯ ಶುರುವಾಗಿರುತ್ತದೆ.

ಎಲ್ಲ ಊರಿಗೂ ಒಂದೇ ಲೆಕ್ಕ ಅಂತ ಹೇಳಲಾರೆ. ಹಳ್ಳಿಯ ಅರಿವು ಕೇಂದ್ರಕ್ಕೆ, ಅಂದರೆ ಪಂಚಾಯಿತಿ ಗ್ರಂಥಾಲಯಕ್ಕೆ, ಶಾಲೆ ಪಕ್ಕ ಸರಿಹೋಗಬಹುದು, ಇನ್ನೊಂದು ಕಡೆ ಬಸ್ ನಿಲ್ಲುವ ಕಟ್ಟೆ ಹತ್ತಿರ. ಆದರೆ ಜಾಗ ನೋಡಲು ಬೆಳಿಗ್ಗೆ ಹನ್ನೊಂದಕ್ಕೆ ಜೀಪಿನಲ್ಲಿ ಹೋಗಬೇಡಿ. ಸಂಜೆ ಏಳರ ಮೇಲೆ ನಡೆದು ಹೋಗಿ. ಬೀದಿ ದೀಪ ಉರಿಯುತ್ತವಾ, ಒಂದೆರಡು ಅಂಗಡಿ ತೆರೆದಿರುತ್ತವಾ, ಕಾಲೇಜು ಹುಡುಗಿ ಒಬ್ಬಳೇ ವಾಪಸ್ ಬರಬಹುದಾ ನೋಡಿ. ಸಭೆಯಲ್ಲಿ ಹೆಣ್ಣುಮಕ್ಕಳಿದ್ದರೆ ಅವರ ಮಾತನ್ನೇ ಮೊದಲು ಕೇಳಿ.