ಬಳ್ಳಾರಿ ಬಿಸಿಲಿಗೆ ಬೆದರುವ ಫಜ್

ಮುಂದಿನ ಸಲ ಗಣೇಶ ಹಬ್ಬದ ರಸಮಂಜರಿಗೆ ಹೋದರೆ ಗಾಯಕರನ್ನು ಬಿಟ್ಟು ಸ್ವಲ್ಪ ಹೊತ್ತು ಗಿಟಾರ್ ಹುಡುಗನ ಕಾಲ ಕಡೆ ನೋಡಿ. ಮುಂದೆ ಒಂದಷ್ಟು ಡಬ್ಬಿಗಳು, ಒಂದರಿಂದ ಒಂದಕ್ಕೆ ವೈರು. ಹಾಡಿನ ನಡುವೆ ಅವನು ಒಂದು ಡಬ್ಬಿಯ ಗುಂಡಿಯನ್ನು ಕಾಲಲ್ಲಿ ಅದುಮುತ್ತಾನೆ. ಅಲ್ಲಿಯವರೆಗೆ ತಿಳಿಯಾಗಿ ನುಡಿಯುತ್ತಿದ್ದ ತಂತಿ ಒಮ್ಮೆಲೇ ಗರ್ರ್ ಎನ್ನುತ್ತದೆ. ಅದೇ ಫಜ್ ಪೆಡಲ್.

ಈ ಡಬ್ಬಿಗೆ ಇರುವುದು ಒಂದೇ ಕೆಲಸ. ಚೆನ್ನಾಗಿದ್ದ ದನಿಯನ್ನು ಕೆಡಿಸುವುದು! ಅದಕ್ಕೆ ಜನ ಸಾವಿರಾರು ರೂಪಾಯಿ ಕೊಡುತ್ತಾರೆ. 1960ರ ದಶಕದ ಅಸಲಿ ಪೀಸು ಬೇಕೆಂದರೆ ಮಾತು ಲಕ್ಷಕ್ಕೆ ಹೋಗುತ್ತದೆ. ಕೊಂಡವರು ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಅದೇ ಸರ್ಕ್ಯೂಟಿನ ಇನ್ನೊಂದು ವರ್ಷದ ಮಾಡೆಲ್ ಹುಡುಕುತ್ತಾರೆ, ಒಳಗಿನ ಟ್ರಾನ್ಸಿಸ್ಟರ್ ನಂಬರ್ ಕೇಳುತ್ತಾರೆ, ಬ್ಯಾಟರಿ ಯಾವುದು ಅಂತ ಜಗಳ ಆಡುತ್ತಾರೆ. ಇದೆಲ್ಲ ಬರೀ ಶೋಕಿ ಅಂತ ನಗುವವರಿದ್ದಾರೆ. ಅರ್ಧ ಶೋಕಿಯೇ ಇರಬಹುದು. ಉಳಿದರ್ಧ ಮಾತ್ರ ಮೀಟರಿಟ್ಟು ಅಳೆಯಬಹುದಾದ ಭೌತಶಾಸ್ತ್ರ. ಎರಡನ್ನೂ ಬೇರೆ ಮಾಡಿ ನೋಡುವುದಕ್ಕೆ ಬಳ್ಳಾರಿ ಒಳ್ಳೆಯ ಜಾಗ. ಯಾಕೆಂದರೆ ಇಲ್ಲಿ ಬಿಸಿಲಿದೆ.

ಕತೆ ಶುರುವಾಗಿದ್ದು ಅಮೆರಿಕದ ನ್ಯಾಶ್‌ವಿಲ್ ಊರಿನಲ್ಲಿ, 1960ರಲ್ಲಿ. ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡೊಂದರ ರೆಕಾರ್ಡಿಂಗ್ ನಡೆದಿತ್ತು. ಗ್ರೇಡಿ ಮಾರ್ಟಿನ್ ಆರು ತಂತಿಯ ಬೇಸ್ ಗಿಟಾರ್ ನುಡಿಸುತ್ತಿದ್ದರು. ಅವರ ದನಿ ಹಾದುಹೋಗುತ್ತಿದ್ದ ಮಿಕ್ಸರಿನ ಚಾನೆಲ್ ಕೆಟ್ಟು ಗೊರಗೊರ ಅನ್ನತೊಡಗಿತು. ಇನ್ನೊಂದು ಟೇಕ್ ಮಾಡಿ ಅಳಿಸಬಹುದಿತ್ತು. ಅಳಿಸಲಿಲ್ಲ, ಹಾಗೇ ಬಿಟ್ಟರು. ಹಾಡು ಹಿಟ್ ಆಯಿತು. ಆ ದನಿ ನಮಗೂ ಬೇಕು ಅಂತ ಬೇರೆಯವರು ಕೇಳತೊಡಗಿದಾಗ ಸೌಂಡ್ ಎಂಜಿನಿಯರ್ ಗ್ಲೆನ್ ಸ್ನಾಡಿ ಟ್ರಾನ್ಸಿಸ್ಟರುಗಳಿಂದ ಅದೇ ಕೆಡುಕನ್ನು ಬೇಕೆಂದಾಗ ಬರುವಂತೆ ಮಾಡಿಕೊಂಡರು. ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮೇಸ್ಟ್ರೋ ಫಜ್-ಟೋನ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಮೊದಲಿಗೆ ಅಷ್ಟೇನೂ ಖರ್ಚಾಗಲಿಲ್ಲ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅದನ್ನು ಬಳಸಿದ ಹಾಡು ಬಂದ ಮೇಲೆ ಅಂಗಡಿಗಳಲ್ಲಿ ಸ್ಟಾಕ್ ಉಳಿಯಲಿಲ್ಲ. ಅದಕ್ಕೂ ಮೊದಲು ಲಿಂಕ್ ರೇ ಎಂಬಾತ ಸ್ಪೀಕರಿನ ಕಾಗದಕ್ಕೇ ತೂತು ಮಾಡಿ ಇಂಥ ದನಿ ತೆಗೆದಿದ್ದ. ಡಬ್ಬಿ ಬಂದದ್ದರಿಂದ ಕೊನೇ ಪಕ್ಷ ಸ್ಪೀಕರುಗಳ ಜೀವ ಉಳಿಯಿತು.

ಈಗ ಕೆಡಿಸುವುದು ಅಂದರೆ ಏನು ಅಂತ ನೋಡೋಣ. ಗಿಟಾರಿನಿಂದ ಬರುವುದು ಏರಿಳಿಯುವ ಸಣ್ಣ ವೋಲ್ಟೇಜು. ಅದನ್ನು ಟ್ರಾನ್ಸಿಸ್ಟರ್ ನೂರಾರು ಪಟ್ಟು ಹಿಗ್ಗಿಸುತ್ತದೆ. ಆದರೆ ಡಬ್ಬಿಯಲ್ಲಿರುವುದು 9 ವೋಲ್ಟಿನ ಬ್ಯಾಟರಿ. ಅಲೆ ಅದಕ್ಕಿಂತ ಮೇಲೆ ಹೋಗಲಾರದು. ತುಂಬಿ ತುಳುಕುವ ಸೇರಿನ ಮೇಲೆ ಕೋಲು ಎಳೆದು ಜೋಳವನ್ನು ಸಮ ಮಾಡುತ್ತಾರಲ್ಲ, ಹಾಗೆ ಅಲೆಯ ತಲೆ ಸವರಿಹೋಗುತ್ತದೆ. ಗುಂಡಗಿದ್ದ ಅಲೆ ಚೌಕಾಕಾರ ಆಗುತ್ತದೆ.

ಚೌಕ ಆದರೆ ಕಿವಿಗೆ ಏನು ವ್ಯತ್ಯಾಸ? ಗಿಟಾರಿನ ಐದನೇ ತಂತಿ ಸೆಕೆಂಡಿಗೆ 110 ಸಲ ಕಂಪಿಸುತ್ತದೆ, ಅಂದರೆ 110 ಹರ್ಟ್ಸ್. 110ರ ನಯವಾದ ಅಲೆಯನ್ನು ಚೌಕ ಮಾಡಿದರೆ ಅದರೊಳಗೆ 330, 550, 770 ಹೀಗೆ ಬೆಸಸಂಖ್ಯೆಯ ಪಟ್ಟಿನ ಸ್ವರಗಳು ಹುಟ್ಟುತ್ತವೆ. ಪೂರ್ತಿ ಚೌಕ ಆದಾಗ ಮೂರು ಪಟ್ಟಿನ ಸ್ವರದ ಅಲೆಯ ಎತ್ತರ ಮೂಲ ಅಲೆಯ ಮೂರನೇ ಒಂದು ಭಾಗ, ಐದು ಪಟ್ಟಿನದು ಐದನೇ ಒಂದು. ಅಲೆಯ ಮೇಲಿನ ತಲೆ ಒಂದು ರೀತಿ, ಕೆಳಗಿನದು ಇನ್ನೊಂದು ರೀತಿ ಸವರಿದರೆ ಸಮಸಂಖ್ಯೆಯ ಪಟ್ಟುಗಳೂ ಸೇರಿಕೊಳ್ಳುತ್ತವೆ. ಒಂದು ಪೆಡಲ್ ಬೆಚ್ಚಗೆ ಕೇಳಿಸುತ್ತದೆ, ಇನ್ನೊಂದು ಕಿವಿಗೆ ಚುಚ್ಚುತ್ತದೆ ಅಂತ ಗಿಟಾರಿನವರು ಹೇಳುವುದರ ಹಿಂದೆ ಬಹುಪಾಲು ಈ ಲೆಕ್ಕವೇ ಇರುತ್ತದೆ.

ಎರಡು ತಂತಿ ಒಟ್ಟಿಗೆ ಮೀಟಿದರೆ ಇನ್ನೂ ಮಜಾ. ಕೆಡಿಸುವ ಸರ್ಕ್ಯೂಟು ಎರಡು ಸ್ವರಗಳನ್ನು ಕೂಡಿಸಿ ಒಂದು, ಕಳೆದು ಒಂದು ಹೊಸ ಸ್ವರ ಹುಟ್ಟಿಸುತ್ತದೆ. ಸ ಮತ್ತು ಪ ತೆಗೆದುಕೊಳ್ಳಿ. 110 ಮತ್ತು 165. ಕಳೆದರೆ 55, ಅಂದರೆ ಸರಿಯಾಗಿ ಮಂದ್ರದ ಸ! ಯಾರೂ ಮೀಟದ ಸ್ವರ ತಾನಾಗಿ ಕೆಳಗೆ ಬಂದು ಕೂರುತ್ತದೆ. ಸ-ಪ ಜೋಡಿ ಫಜ್‌ನಲ್ಲಿ ಗೋಡೆ ನಡುಗಿಸುವುದು ಇದಕ್ಕೇ. ಇದಕ್ಕೆ ಗ ಸೇರಿಸಿ ಪೂರಾ ಕಾರ್ಡ್ (ಸ್ವರಗಳ ಗೊಂಚಲು) ಹಿಡಿದರೆ ಕೂಡಿಸಿ ಕಳೆದ ಸ್ವರಗಳು ಒಂದಕ್ಕೊಂದು ತಾಳೆಯಾಗದೆ ಬರೀ ಗಲಾಟೆ. ಆರ್ಕೆಸ್ಟ್ರಾಕ್ಕೆ ಹೊಸದಾಗಿ ಬಂದ ಹುಡುಗರು ಫಜ್ ಹಾಕಿ ಆರೂ ತಂತಿ ಬಾರಿಸುತ್ತಾರೆ. ಕೀಬೋರ್ಡಿನವನು ತಿರುಗಿ ನೋಡುತ್ತಾನೆ. ತಪ್ಪು ಬೆರಳಿನದಲ್ಲ, ಗಣಿತದ್ದು.

ಗೊರಗೊರ ದನಿಯ ಮೇಲಿನ ಪ್ರೀತಿ ಪಶ್ಚಿಮದಿಂದ ಬಂತು ಅಂತ ಅಂದುಕೊಳ್ಳಬೇಡಿ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಒಂದೆಳೆ ನೂಲು ಸರಿಸಿ ಜೀವಾಳ ಹಿಡಿಯುವುದು ಯಾತಕ್ಕೆ? ತಂತಿ ಆ ಅಗಲ ಕುದುರೆಗೆ ಸವರಿಕೊಂಡು ಜುಂಯ್ ಎನ್ನಲಿ ಅಂತ ತಾನೆ? ಸಿ.ವಿ. ರಾಮನ್ 1921ರಲ್ಲಿ ಇದರ ಬಗ್ಗೆ ಬರೆದರು. ತಂತಿಯನ್ನು ಯಾವ ಜಾಗದಲ್ಲಿ ಮೀಟುತ್ತೇವೋ ಆ ಜಾಗದಲ್ಲಿ ಅಲುಗದೆ ನಿಲ್ಲಬೇಕಾದ ಉಪಸ್ವರಗಳು (ಮೂಲ ಸ್ವರದ ಪಟ್ಟುಗಳು) ಹುಟ್ಟಬಾರದು ಅನ್ನುತ್ತದೆ ಹಳೆಯ ನಿಯಮ. ತಂಬೂರಿಯಲ್ಲಿ ಅವು ಸ್ಪಷ್ಟವಾಗಿ ಕೇಳುತ್ತವೆ. ಕಾರಣ ಆ ಕುದುರೆ. ಅಲ್ಲಿ ಮರ, ನೂಲು, ಇಲ್ಲಿ ಟ್ರಾನ್ಸಿಸ್ಟರು. ಇಬ್ಬರಿಗೂ ಬೇಕಾದದ್ದು ಮೇಲಿನ ಉಪಸ್ವರಗಳೇ.

ಇನ್ನು ಬಿಸಿಲಿನ ವಿಷಯ. ಫಜ್‌ಗಳಲ್ಲಿ ಅತಿ ಹೆಸರು ಮಾಡಿದ್ದು ಲಂಡನ್ನಿನ ಆರ್ಬಿಟರ್ ಕಂಪನಿ 1966ರಲ್ಲಿ ತಂದ ಫಜ್ ಫೇಸ್. ತಟ್ಟೆಯಂತೆ ದುಂಡಗಿನ ಡಬ್ಬಿ. ಮೈಕ್ ಸ್ಟ್ಯಾಂಡಿನ ಬುಡ ನೋಡಿ ಆ ಆಕಾರ ಹೊಳೆಯಿತಂತೆ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಾಲಡಿಯಲ್ಲಿ ಇದ್ದದ್ದು ಇದೇ. ಬಿಚ್ಚಿ ನೋಡಿದರೆ ಇಷ್ಟೇನಾ ಅನಿಸುತ್ತದೆ. ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ತಿರುಗಿಸಲು ಎರಡು ಕಂಟ್ರೋಲು. ಅಂಗೈಯಲ್ಲಿ ಹಿಡಿಯಬಹುದಾದ ಸಾಮಾನು.

ಆ ಟ್ರಾನ್ಸಿಸ್ಟರುಗಳು ಮೊದಲಿಗೆ ಜರ್ಮೇನಿಯಂ ಎಂಬ ಧಾತುವಿನವು. ಆ ಜಾತಿಯ ಟ್ರಾನ್ಸಿಸ್ಟರು ನಮಗೆ ಹೊಸದೇನಲ್ಲ. ಎಸಿ128 ಎಂಬ ನಂಬರಿನದು ಹಳೆಯ ಟ್ರಾನ್ಸಿಸ್ಟರ್ ರೇಡಿಯೋಗಳಲ್ಲಿ ಧಾರಾಳವಾಗಿ ಇರುತ್ತಿತ್ತು. ಬೆಂಗಳೂರಿನ ಬಿಇಎಲ್ ಕೂಡ ಅದನ್ನು ತಯಾರಿಸುತ್ತಿತ್ತು. ಬಳ್ಳಾರಿಯ ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ ಗುಜರಿಗೆ ಇಟ್ಟ ಸೆಟ್ಟುಗಳಿಂದ ಇವನ್ನು ಬಿಚ್ಚಿಸಿಕೊಂಡು ಫಜ್ ಕಟ್ಟಿದ ಗಿಟಾರ್ ಹುಡುಗನೊಬ್ಬ ನನಗೆ ಗೊತ್ತು. ಡಿಸೆಂಬರಿನಲ್ಲಿ ಅದರ ದನಿ ಕೇಳಿ ಊಟ ಬಿಟ್ಟು ನುಡಿಸುತ್ತಿದ್ದ. ಏಪ್ರಿಲ್ ಬಂತು. ಪೆಡಲ್ ಉಗುಳತೊಡಗಿತು. ಜೋರಾಗಿ ಮೀಟಿದರೆ ಪಟ್ ಎನ್ನುವುದು, ಮೆಲ್ಲಗೆ ಮೀಟಿದರೆ ಏನೂ ಇಲ್ಲ. ಅಂಗಡಿಗೆ ಒಯ್ದ. ಅಂಗಡಿಯ ಹಿರಿಯರು ನಕ್ಕರು. “ತಮ್ಮಾ, ಬ್ಯಾಸಿಗ್ಯಾಗ ರೇಡಿಯೋನೂ ಹಿಂಗ ಮಾಡ್ತಿತ್ತು. ಸಂಜಿಗೆ ಹಚ್ಚು, ತಾನಾ ಸರಿ ಆಗ್ತದ.”

ಅವರ ಮಾತು ನೂರಕ್ಕೆ ನೂರು ಸರಿ. ಟ್ರಾನ್ಸಿಸ್ಟರ್ ಮುಚ್ಚಿದ್ದಾಗಲೂ ಅದರ ಮೂಲಕ ಚೂರು ಕರೆಂಟು ಸೋರುತ್ತದೆ. ಜರ್ಮೇನಿಯಂನಲ್ಲಿ ಎಲೆಕ್ಟ್ರಾನುಗಳನ್ನು ಕಟ್ಟಿನಿಂದ ಬಿಡಿಸಲು ಬೇಕಾದ ಶಕ್ತಿ ಸುಮಾರು 0.67 ಎಲೆಕ್ಟ್ರಾನ್ ವೋಲ್ಟ್, ಸಿಲಿಕಾನ್‌ನಲ್ಲಿ ಸುಮಾರು 1.1. ಕಡಿಮೆ ಶಕ್ತಿ ಸಾಕು ಅಂದರೆ ಬರೀ ಶಾಖಕ್ಕೇ ಅವು ಬಿಡಿಸಿಕೊಂಡು ಓಡಾಡುತ್ತವೆ. ತಾಪ 10 ಡಿಗ್ರಿ ಏರಿದರೆ ಸೋರಿಕೆ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಲಂಡನ್ನಿನ ಕೋಣೆ 20 ಡಿಗ್ರಿ, ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನ 42 ಡಿಗ್ರಿ ಅಂತ ಇಟ್ಟುಕೊಳ್ಳಿ. ಸೋರಿಕೆ ನಾಲ್ಕೂವರೆ ಪಟ್ಟು ಜಾಸ್ತಿ.

ಆದರೇನು ಅಂತೀರಾ? ಫಜ್ ಫೇಸ್‌ನ ಮೊದಲ ಟ್ರಾನ್ಸಿಸ್ಟರಿಗೆ ಕರೆಂಟು ಬರುವುದು 33 ಕಿಲೋಓಮ್ ರೆಸಿಸ್ಟರಿನ ಮೂಲಕ. 9 ವೋಲ್ಟನ್ನು 33 ಸಾವಿರದಿಂದ ಭಾಗಿಸಿದರೆ 0.27 ಮಿಲಿಆಂಪ್. ಅದಕ್ಕಿಂತ ಜಾಸ್ತಿ ಅಲ್ಲಿ ಹರಿಯಲು ಸಾಧ್ಯವೇ ಇಲ್ಲ. ಲಂಡನ್ನಿನಲ್ಲಿ 0.1 ಮಿಲಿಆಂಪ್ ಸೋರುವ ಪೀಸನ್ನು ಇಲ್ಲಿಗೆ ತಂದರೆ ಸೋರಿಕೆಯೇ 0.46 ಆಗಲು ನೋಡುತ್ತದೆ. ಇರುವ ಕರೆಂಟನ್ನೆಲ್ಲ ಸೋರಿಕೆ ನುಂಗಿತು. ಗಿಟಾರಿನ ದನಿ ತರುವ ಏರಿಳಿತಕ್ಕೆ ಜಾಗ ಉಳಿಯಲಿಲ್ಲ. ಇದರ ಬೆನ್ನಿಗಿರುವ ಎರಡನೇ ಟ್ರಾನ್ಸಿಸ್ಟರ್ ಸರಿಯಾಗಿ ತೆರೆದುಕೊಳ್ಳುವುದೇ ಇಲ್ಲ. ಅದರ ಕಲೆಕ್ಟರಿನಲ್ಲಿ (ದನಿ ಹೊರಬರುವ ಕಾಲಿನಲ್ಲಿ) ಬ್ಯಾಟರಿಯ ಅರ್ಧ, ಅಂದರೆ 4.5 ವೋಲ್ಟ್ ಆಸುಪಾಸು ಇದ್ದರೆ ದನಿ ಸೊಗಸು. ಅದು 8 ವೋಲ್ಟಿನ ಕಡೆ ಸರಿದರೆ ಪಟ್ ಪಟ್.

ಇಲ್ಲೊಂದು ತಮಾಷೆ ಇದೆ. ಜರ್ಮೇನಿಯಂ ಟ್ರಾನ್ಸಿಸ್ಟರನ್ನು ಮೀಟರಿಗೆ ಹಾಕಿದಾಗ ಬೆರಳು ತಾಗಿಸಬೇಡಿ, ಬೆರಳ ಬಿಸಿಗೆ ಸೋರಿಕೆ ಏರುತ್ತದೆ ಅಂತ ಪೆಡಲ್ ಕಟ್ಟುವವರು ಎಚ್ಚರಿಸುತ್ತಾರೆ. ತಂಪು ದೇಶದಲ್ಲಿ ನಿಜ. ನಮ್ಮ ಬೆರಳ ಚರ್ಮ 34-35 ಡಿಗ್ರಿ ಇರುತ್ತದೆ. ತಗಡಿನ ಅಂಗಡಿಯ ಟೇಬಲ್ ಮೇಲೆ ಬಿದ್ದ ಟ್ರಾನ್ಸಿಸ್ಟರು ಮೇ ತಿಂಗಳಲ್ಲಿ ಅದಕ್ಕಿಂತ ಬಿಸಿ. ಬೆರಳಿಟ್ಟರೆ ಇಲ್ಲಿ ಸೋರಿಕೆ ಇಳಿಯುತ್ತದೆ!

ಪರಿಹಾರ ಕಷ್ಟವೇನಲ್ಲ. ಎರಡನೇ ಟ್ರಾನ್ಸಿಸ್ಟರಿನ ರೆಸಿಸ್ಟರ್ ಬದಲು ಒಂದು ಟ್ರಿಮ್ಮರ್ (ತಿರುಗಿಸಿ ಹೊಂದಿಸಬಹುದಾದ ರೆಸಿಸ್ಟರ್) ಹಾಕಿ, ಕಾರ್ಯಕ್ರಮಕ್ಕೆ ಮೊದಲು ವೋಲ್ಟೇಜನ್ನು ಸರಿಮಾಡಿಕೊಳ್ಳುವುದು. ಸೋರಿಕೆ ಕಡಿಮೆ ಇರುವ ಪೀಸುಗಳನ್ನೇ ಆರಿಸುವುದು ಅದಕ್ಕೂ ಮುಖ್ಯ. ಇನ್ನೊಂದು ಮಾತು. ಈ ಹಳೆಯ ಸರ್ಕ್ಯೂಟುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಸರ್ಕ್ಯೂಟಿನ ಗ್ರೌಂಡಿಗೆ ಸೇರಿರುತ್ತದೆ, ಉಳಿದ ಪೆಡಲುಗಳಲ್ಲಿ ನೆಗೆಟಿವ್ ಸೇರಿರುವಂತೆ. ಉಳಿದ ಪೆಡಲುಗಳ ಜೊತೆ ಒಂದೇ ಅಡಾಪ್ಟರಿಗೆ ಸಿಕ್ಕಿಸಿದರೆ ಶಾರ್ಟ್ ಆಗುತ್ತದೆ. ರಸಮಂಜರಿ ಶುರುವಾಗಲು ಐದು ನಿಮಿಷ ಇರುವಾಗ ಇದನ್ನು ಕಲಿಯುವುದು ಬೇಡ.

60ರ ದಶಕದ ಕೊನೆಗೆ ಫಜ್ ಫೇಸ್ ಸಿಲಿಕಾನ್‌ಗೆ ಬದಲಾಯಿತು. ಸಿಲಿಕಾನ್ ಸೋರುವುದು ನ್ಯಾನೊಆಂಪ್ (ಮಿಲಿಆಂಪಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಲೆಕ್ಕದಲ್ಲಿ. ಅದು ನಾಲ್ಕೂವರೆ ಪಟ್ಟಾದರೂ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಹಿಗ್ಗಿಸುವ ತಾಕತ್ತು ಜಾಸ್ತಿ, ದನಿ ಚೂಪು, ಕೆಲವೊಮ್ಮೆ ಹತ್ತಿರದ ರೇಡಿಯೋ ಸ್ಟೇಷನ್ನೂ ಒಳಗೆ ಬಂದುಬಿಡುತ್ತದೆ. ಗಿಟಾರಿನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಜರ್ಮೇನಿಯಂ ಫಜ್ ಮೆಲ್ಲಗೆ ತಿಳಿಯಾಗುತ್ತದೆ, ಬರೀ ಬೆರಳಲ್ಲಿ ಅದನ್ನು ಆಡಿಸಬಹುದು. ಅದನ್ನು ಒಮ್ಮೆ ಕೈಯಾರೆ ಅನುಭವಿಸಿದವರು ಬಿಸಿಲಿನ ಕಾಟ ಇದ್ದರೂ ಅದನ್ನೇ ಹಿಡಿದುಕೊಂಡಿರುತ್ತಾರೆ. ನನಗೂ ಆ ಪಕ್ಷವೇ ಇಷ್ಟ. ಒಂದು ಷರತ್ತಿದೆ, ಗಿಟಾರಿನ ವೈರು ನೇರ ಫಜ್‌ಗೇ ಬರಬೇಕು. ನಡುವೆ ವೈರ್‌ಲೆಸ್ ಸೆಟ್ಟು ಬಂದರೆ ಈ ಆಟ ನಡೆಯುವುದಿಲ್ಲ.

ಬಳ್ಳಾರಿಗೆ ಹೇಳಿಮಾಡಿಸಿದ ಫಜ್ ಅಂದರೆ ಬಿಗ್ ಮಫ್. ನ್ಯೂಯಾರ್ಕಿನ ಮೈಕ್ ಮ್ಯಾಥ್ಯೂಸ್ ಅವರ ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿಯದು, 1969ರ ಸುಮಾರಿಗೆ ಬಂದದ್ದು. ನಾಲ್ಕು ಸಿಲಿಕಾನ್ ಟ್ರಾನ್ಸಿಸ್ಟರ್. ನಡುವಿನ ಎರಡು ಹಂತಗಳಲ್ಲಿ ಡಯೋಡುಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳು) ಕೂತು ಅಲೆಯ ತಲೆ ಸವರುತ್ತವೆ. ಒಮ್ಮೆ ಸವರಿದ್ದನ್ನು ಮತ್ತೆ ಹಿಗ್ಗಿಸಿ ಮತ್ತೆ ಸವರುತ್ತದೆ. ತಂತಿಯ ಕಂಪನ ಕ್ರಮೇಣ ಸಣ್ಣದಾದರೂ ಸವರುವ ಎತ್ತರ ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಸ್ವರ ಪಿಟೀಲಿನಂತೆ ಎಳೆದುಕೊಂಡು ಹೋಗುತ್ತದೆ. ಪಿಂಕ್ ಫ್ಲಾಯ್ಡ್‌ನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಇದನ್ನು ಪ್ರೀತಿಸಿದ್ದು ಸುಮ್ನೆ ಅಲ್ಲ. ಇದಕ್ಕೊಂದು ಕೊರತೆಯೂ ಇದೆ. ಇದರ ಟೋನ್ ಭಾಗ 1000 ಹರ್ಟ್ಸ್ ಸುತ್ತಲಿನ ನಡುದನಿಯನ್ನು ತಗ್ಗಿಸಿಬಿಡುತ್ತದೆ. ಮನೆಯಲ್ಲಿ ಒಬ್ಬನೇ ನುಡಿಸುವಾಗ ಭರ್ಜರಿ. ವೇದಿಕೆಯ ಮೇಲೆ ಕೀಬೋರ್ಡು, ರಿದಂ ಪ್ಯಾಡು, ಇಬ್ಬರು ಗಾಯಕರು ಸೇರಿದ ಕೂಡಲೇ ಗಿಟಾರ್ ಎಲ್ಲಿ ಹೋಯಿತು ಅಂತ ಹುಡುಕಬೇಕು.

ಬಿಗ್ ಮಫ್‌ನ ತಳಿಗಳೋ ಲೆಕ್ಕಕ್ಕಿಲ್ಲ. ಕಂಟ್ರೋಲುಗಳು ತ್ರಿಕೋನದಲ್ಲಿ ಇದ್ದದ್ದು ಟ್ರಯಾಂಗಲ್. 1973ರ ಹೊತ್ತಿಗೆ ಬಂದದ್ದು ರ‍್ಯಾಮ್ಸ್ ಹೆಡ್. ಆಮೇಲೆ ಬಿಡಿ ಟ್ರಾನ್ಸಿಸ್ಟರ್ ಬಿಟ್ಟು ಐಸಿ ಚಿಪ್ ಹಾಕಿದ ಮಾಡೆಲ್. 90ರ ದಶಕದಲ್ಲಿ ರಷ್ಯಾದಲ್ಲಿ ತಯಾರಾದ ಸೋವ್‌ಟೆಕ್, ಅದರಲ್ಲೂ ಮಿಲಿಟರಿ ಹಸಿರಿನ ದಪ್ಪ ಡಬ್ಬಿ. ಒಂದೊಂದರಲ್ಲೂ ಒಂದಷ್ಟು ರೆಸಿಸ್ಟರ್, ಕೆಪಾಸಿಟರ್ ಅಳತೆಗಳು ಬೇರೆ. ಆ ಕಾಲದ ಬಿಡಿಭಾಗಗಳು ಮೇಲೆ ಬರೆದ ಅಳತೆಗಿಂತ ಹತ್ತಿಪ್ಪತ್ತು ಪರ್ಸೆಂಟ್ ಅತ್ತಿತ್ತ ಇರುತ್ತಿದ್ದವು. ಹಾಗಾಗಿ ಒಂದೇ ವಾರ ಒಂದೇ ಟೇಬಲ್ ಮೇಲೆ ತಯಾರಾದ ಎರಡು ಪೆಡಲುಗಳ ದನಿಯೂ ಒಂದೇ ಆಗಿರಬೇಕಿಲ್ಲ. ‘ನನ್ನ ಪೀಸ್ ಬೇರೇನೇ’ ಎನ್ನುವ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ.

ಬ್ಯಾಟರಿಯ ಬ್ರಾಂಡಿನ ಮಾತು ಬಂದರೆ ನಾನು ಅಷ್ಟು ಉದಾರಿಯಲ್ಲ. ಫಜ್ ಫೇಸ್ ಎಳೆಯುವುದು 1 ಮಿಲಿಆಂಪ್‌ಗಿಂತ ಕಡಿಮೆ. ಅಷ್ಟಕ್ಕೆ ಹೊಸ ಬ್ಯಾಟರಿಗಳ ಒಳಗಿನ ವ್ಯತ್ಯಾಸ ಕೇಳುವುದು ಕಷ್ಟ. ಸವೆದ ಬ್ಯಾಟರಿ ಬೇರೆ ವಿಷಯ. 9 ಇದ್ದದ್ದು 7.5 ಆದರೆ ವೋಲ್ಟೇಜಿನ ಲೆಕ್ಕವೇ ಬದಲಾಗುತ್ತದೆ, ದನಿಯೂ ಬದಲಾಗುತ್ತದೆ.

ಯಾರ ಮಾತು ನಿಜ ಅಂತ ಪರೀಕ್ಷಿಸಬೇಕಾದರೆ ಎರಡು ಪೆಡಲನ್ನು ಬಟ್ಟೆ ಮುಚ್ಚಿಡಿ, ಸ್ವಿಚ್ ಬೇರೆಯವರು ಒತ್ತಲಿ. ಎರಡರ ವಾಲ್ಯೂಮನ್ನೂ ಮೊದಲೇ ಸಮ ಮಾಡಿಕೊಂಡಿರಬೇಕು. ಇದು ಬಹಳ ಮುಖ್ಯ, ಯಾಕೆಂದರೆ ಚೂರು ಜೋರಿದ್ದದ್ದೇ ಕಿವಿಗೆ ಚಂದ ಅನಿಸುತ್ತದೆ. ಅಂಗಡಿಯಲ್ಲಿ ಸ್ಪೀಕರ್ ಮಾರುವವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಗಿಟಾರಿನ ವಾಲ್ಯೂಮ್ ಇಳಿಸಿದಾಗ ಜರ್ಮೇನಿಯಂ ಯಾವುದು, ಸಿಲಿಕಾನ್ ಯಾವುದು ಅಂತ ಹಲವರು ಹೇಳಿಬಿಡಬಲ್ಲರು. ಡಬ್ಬಿಯ ಬಣ್ಣ ಹೇಳುವವರು ಸಿಗಲಾರರು. ಬಣ್ಣಕ್ಕೂ ದನಿಗೂ ಸಂಬಂಧವಿಲ್ಲ, ಒಂದು ಸಂದರ್ಭ ಬಿಟ್ಟು. ಜಾತ್ರೆಯ ಬಯಲು ವೇದಿಕೆಯಲ್ಲಿ ಮಧ್ಯಾಹ್ನವೇ ಸೌಂಡ್ ಚೆಕ್ ಇಟ್ಟುಕೊಂಡರೆ ಕಪ್ಪು ಡಬ್ಬಿ ಬಿಳಿಯದಕ್ಕಿಂತ ಬೇಗ ಕಾಯುತ್ತದೆ. ಒಳಗೆ ಜರ್ಮೇನಿಯಂ ಇದ್ದರೆ ಮೊದಲು ಉಗುಳುವುದೂ ಅದೇ.