ರೋಮಿನಲ್ಲಿ ಎಲ್ಲರಿಗೂ ಪುಕ್ಕಟೆ ರೊಟ್ಟಿ ಸಿಗುತ್ತಿತ್ತೇ?

ಓದುಗರ ಪ್ರಶ್ನೆ: ಪ್ರಾಚೀನ ರೋಮಿನಲ್ಲಿ ಸರ್ಕಾರವೇ ಜನರಿಗೆ ಪುಕ್ಕಟೆ ರೊಟ್ಟಿ ಹಂಚುತ್ತಿತ್ತು, ಅದರಿಂದ ಜನ ಸೋಮಾರಿಗಳಾಗಿ ಸಾಮ್ರಾಜ್ಯವೇ ಬಿದ್ದುಹೋಯಿತು ಎಂದು ಭಾಷಣಗಳಲ್ಲಿ ಆಗಾಗ ಕೇಳುತ್ತೇವೆ. ಇದರಲ್ಲಿ ನಿಜವೆಷ್ಟು?

ಹಂಚಿದ್ದು ನಿಜ. ಉಳಿದ ಮಾತುಗಳನ್ನು ಒಂದೊಂದಾಗಿ ಒರೆಗೆ ಹಚ್ಚಬೇಕು. ಮುನ್ನೂರಕ್ಕೂ ಹೆಚ್ಚು ವರ್ಷ ರೋಮಿನವರ ಕೈಗೆ ಬಂದದ್ದು ರೊಟ್ಟಿಯಲ್ಲ, ಗೋಧಿಕಾಳು. ಅದು ಎಲ್ಲರಿಗೂ ಸಿಗುತ್ತಿರಲಿಲ್ಲ. ಬಡವರು ಎಂಬ ಕಾರಣಕ್ಕೂ ಸಿಗುತ್ತಿರಲಿಲ್ಲ. ಈ ಕೊನೆಯ ಮಾತು ಅರ್ಥವಾದರೆ ಮಿಕ್ಕದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಕ್ರಿ.ಪೂ. 123ರಲ್ಲಿ ಟ್ರಿಬ್ಯೂನ್ ಪದವಿಯಲ್ಲಿದ್ದ, ಅಂದರೆ ಜನಸಾಮಾನ್ಯರ ಪರ ನಿಲ್ಲಲು ಚುನಾಯಿತನಾದ ಅಧಿಕಾರಿಯಾಗಿದ್ದ, ಗಾಯಸ್ ಗ್ರಾಕಸ್ ಒಂದು ಕಾನೂನು ತಂದ. ರೋಮ್ ನಗರದ ಪೌರರಿಗೆ ಸರ್ಕಾರ ತಿಂಗಳು ತಿಂಗಳು ಗೊತ್ತಾದ ಬೆಲೆಗೆ ಗೋಧಿ ಕೊಡಬೇಕು. ಪೇಟೆಯಲ್ಲಿ ಬೆಲೆ ಎಷ್ಟೇ ಏರಲಿ, ಇಲ್ಲಿ ಒಂದು ಮೋಡಿಯಸ್ಸಿಗೆ 6⅓ ಆಸ್ ಮಾತ್ರ. ಆಸ್ ಎಂದರೆ ಅವರ ಪುಡಿಗಾಸು. ಮೋಡಿಯಸ್ ನಮ್ಮ ಕೊಳಗದಂತೆ ತುಂಬಿ ಅಳೆಯುವ ಪಾತ್ರೆ, ಸುಮಾರು 8.7 ಲೀಟರ್ ಹಿಡಿಯುತ್ತಿತ್ತು, ಗೋಧಿಯಾದರೆ ಆರೂವರೆ ಕಿಲೋಗಿಂತ ತುಸು ಹೆಚ್ಚು.

ಈ ಕಾನೂನನ್ನು ಕಟುವಾಗಿ ವಿರೋಧಿಸಿದವರಲ್ಲಿ ಪೀಸೋ ಎಂಬ ಹಿರಿಯನಿದ್ದ. ರೋಮಿನ ಅತಿ ಎತ್ತರದ ಚುನಾಯಿತ ಪದವಿಯಾದ ಕಾನ್ಸುಲ್ ಆಗಿದ್ದವನು, ಹಣವಂತ. ಕಾನೂನು ಜಾರಿಯಾದ ಮೇಲೆ ಗೋಧಿ ಅಳೆಯುವ ಜಾಗಕ್ಕೆ ಅವನೇ ಬಂದು ಜನರ ನಡುವೆ ನಿಂತ. ಗ್ರಾಕಸ್ ಕಂಡು, ವಿರೋಧಿಸಿದ ನೀನೇ ಈಗ ಗೋಧಿ ಕೇಳುವುದು ಹೇಗೆ ಎಂದು ಎಲ್ಲರೆದುರು ಪ್ರಶ್ನಿಸಿದ. ನನ್ನ ಆಸ್ತಿಯನ್ನು ನೀನು ಊರಿಗೆಲ್ಲ ಹಂಚುವುದು ನನಗೆ ಇಷ್ಟವಿಲ್ಲ, ಹಂಚುವುದೇ ಆದರೆ ನನ್ನ ಪಾಲು ನಾನು ಕೇಳುತ್ತೇನೆ ಎಂಬ ಅರ್ಥದಲ್ಲಿ ಪೀಸೋ ಉತ್ತರಿಸಿದನೆಂದು ರೋಮಿನ ವಾಗ್ಮಿ ಸಿಸೆರೋ ಬರೆದಿಟ್ಟಿದ್ದಾನೆ. ಅಷ್ಟು ದೊಡ್ಡ ಮನುಷ್ಯನನ್ನು ಸಾಲಿನಿಂದ ಆಚೆಗೆ ಕಳಿಸಲು ಯಾರಿಗೂ ಅಧಿಕಾರವಿರಲಿಲ್ಲ, ಏಕೆಂದರೆ ಅಲ್ಲಿ ನೋಡುತ್ತಿದ್ದುದು ಆದಾಯವನ್ನಲ್ಲ, ಪೌರತ್ವವನ್ನು. ಗೆದ್ದ ನಾಡುಗಳಿಂದ ಬರುವ ಸಂಪತ್ತು ರೋಮಿನ ಜನರದ್ದು, ಅದರಲ್ಲಿ ಪ್ರತಿ ಪೌರನಿಗೂ ಪಾಲುಂಟು ಎಂಬುದು ಇದರ ಹಿಂದಿನ ತಿಳಿವಳಿಕೆ. ದಾನ ಎಂಬ ಭಾವನೆ ಇಲ್ಲಿರಲಿಲ್ಲ.

ಹಾಗಾಗಿಯೇ ಊರಿನ ಅತ್ಯಂತ ಬಡವರಲ್ಲಿ ಬಹಳ ಮಂದಿ ಇದರ ಹೊರಗಿದ್ದರು. ಗುಲಾಮರಿಗೆ ಇಲ್ಲ. ದುಡಿಯಲು ಬಂದ ಪರದೇಶಿಗಳಿಗೆ ಇಲ್ಲ. ಹೆಂಗಸರ ಹೆಸರು ಪಟ್ಟಿಯಲ್ಲಿ ಬರುತ್ತಿರಲಿಲ್ಲ. ಗಂಡ ಸತ್ತ ಬಡ ಹೆಂಗಸಿಗೆ ಗಂಡನ ಪಾಲು ಸಿಗುತ್ತಿರಲಿಲ್ಲ. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕ್ರಿ.ಪೂ. 58ರಲ್ಲಿ ಕ್ಲೋಡಿಯಸ್ ಎಂಬ ಇನ್ನೊಬ್ಬ ಟ್ರಿಬ್ಯೂನ್ ಆ ಅಲ್ಪ ಬೆಲೆಯನ್ನೂ ತೆಗೆದುಹಾಕಿದ. ಪುಕ್ಕಟೆ ಎಂಬುದು ಬಂದದ್ದು ಅಲ್ಲಿಂದ. ಬಿಡುಗಡೆಯಾದ ಗುಲಾಮ ಪೌರನಾಗುತ್ತಿದ್ದ, ಹಾಗಾಗಿ ಗೋಧಿಗೂ ಹಕ್ಕುದಾರನಾಗುತ್ತಿದ್ದ. ಕೆಲವು ಒಡೆಯರು ತಮ್ಮ ಗುಲಾಮರನ್ನು ಬಿಡುಗಡೆ ಮಾಡಿ, ಅವರು ತರುವ ಗೋಧಿಯನ್ನು ತಾವು ಪಡೆಯಲು ಶುರು ಮಾಡಿದರು. ಪಟ್ಟಿ ಉಬ್ಬುತ್ತಾ ಹೋಗಿ ಜೂಲಿಯಸ್ ಸೀಸರನ ಕಾಲಕ್ಕೆ 3,20,000 ಹೆಸರುಗಳಾಗಿದ್ದವು. ಸೀಸರ್ ಓಣಿ ಓಣಿಗೆ ಗಣತಿ ಮಾಡಿಸಿದ. ಬಾಡಿಗೆ ವಠಾರಗಳ ಮಾಲೀಕರನ್ನು ಹಿಡಿದು, ಯಾರು ನಿಜವಾಗಿ ಅಲ್ಲಿದ್ದಾರೆ ಎಂದು ಬರೆಸಿ, ಪಟ್ಟಿಯನ್ನು 1,50,000ಕ್ಕೆ ಇಳಿಸಿದ. ಒಬ್ಬ ಸತ್ತರೆ ತೆರವಾದ ಜಾಗಕ್ಕೆ ಪಟ್ಟಿಯಲ್ಲಿಲ್ಲದವರ ಪೈಕಿ ಚೀಟಿ ಎತ್ತಿ ಒಬ್ಬನನ್ನು ಸೇರಿಸಬೇಕು ಎಂದು ಗೊತ್ತು ಮಾಡಿದ. ಮೊದಲ ಚಕ್ರವರ್ತಿ ಆಗಸ್ಟಸನ ಆಳ್ವಿಕೆಯಲ್ಲಿ, ಕ್ರಿ.ಪೂ. 2ರ ಹೊತ್ತಿಗೆ, ಸಂಖ್ಯೆ ಎರಡು ಲಕ್ಷ ದಾಟಿತ್ತು. ಊರಿನ ಜನಸಂಖ್ಯೆ ಹತ್ತು ಲಕ್ಷದ ಆಸುಪಾಸು ಇತ್ತೆಂದು ಇತಿಹಾಸಕಾರರ ಅಂದಾಜು.

ತಿಂಗಳಿಗೆ ಸಿಗುತ್ತಿದ್ದುದು ಐದು ಮೋಡಿಯಸ್, ಅಂದರೆ ಸುಮಾರು 33 ಕಿಲೋ. ಹೊಲದಲ್ಲಿ ಮೈಮುರಿದು ದುಡಿಯುವ ಗುಲಾಮನಿಗೆ ಚಳಿಗಾಲದಲ್ಲಿ ತಿಂಗಳಿಗೆ ನಾಲ್ಕು, ಬೇಸಿಗೆಯಲ್ಲಿ ನಾಲ್ಕೂವರೆ ಮೋಡಿಯಸ್ ಕೊಡಬೇಕೆಂದು ರೋಮಿನ ಹಳೆಯ ರಾಜಕಾರಣಿ ಕಾಟೋ ತನ್ನ ಬೇಸಾಯದ ಪುಸ್ತಕದಲ್ಲಿ ಬರೆದಿದ್ದಾನೆ. ಜಿಪುಣನೆಂದೇ ಹೆಸರಾದವನ ಲೆಕ್ಕವಿದು. ಅಲ್ಲಿಗೆ ಐದು ಮೋಡಿಯಸ್ ಒಬ್ಬ ಗಂಡಸಿನ ಹೊಟ್ಟೆಗೆ ಆಗಿ ಸ್ವಲ್ಪ ಮಿಗುತ್ತದೆ. ಹೆಂಡತಿ, ಎರಡು ಮಕ್ಕಳಿದ್ದರೆ ಸಾಲದು. ಜೊತೆಗೆ ಎಣ್ಣೆ, ಸೌದೆ, ಬಟ್ಟೆ ಎಲ್ಲಕ್ಕೂ ಕೈಯಿಂದಲೇ ಕೊಡಬೇಕು. ಮನೆ ಬಾಡಿಗೆಯಂತೂ ರೋಮಿನಲ್ಲಿ ವಿಪರೀತವಾಗಿತ್ತು.

ಕಾಳು ಮನೆಗೆ ಬಂದರೆ ರೊಟ್ಟಿಯಾಗುವುದಿಲ್ಲ. ನಾಲ್ಕೈದು ಅಂತಸ್ತಿನ ವಠಾರದ ಮೇಲ್ಮಹಡಿಯ ಒಂದು ಕೋಣೆಯಲ್ಲಿ ಬೀಸುವ ಕಲ್ಲಿಗೆ ಜಾಗವಿಲ್ಲ, ಒಲೆ ಉರಿಸಿದರೆ ಬೆಂಕಿಯ ಭಯ. ಗಂಜಿ ಕಾಯಿಸಿಕೊಳ್ಳಬಹುದು. ರೊಟ್ಟಿ ಬೇಕಾದರೆ ಬೇಕರಿಗೇ ಹೋಗಬೇಕು. ಬೇಕರಿಯ ಅಂಗಳದಲ್ಲಿ ಆಳೆತ್ತರದ ಕಪ್ಪು ಲಾವಾ ಕಲ್ಲುಗಳು. ಕೆಳಗೆ ಶಂಕುವಿನಾಕಾರದ ಕಲ್ಲು, ಅದರ ಮೇಲೆ ನಡು ಸಣ್ಣಗಿರುವ, ಡಮರುವಿನಂಥ ಪೊಳ್ಳು ಕಲ್ಲು. ಕತ್ತೆಯೋ ಗುಲಾಮನೋ ಅದನ್ನು ದಿನವಿಡೀ ಸುತ್ತು ಹೊಡೆಸಬೇಕು. ಪೊಂಪೇಯಿ ನಗರದ ಒಂದು ಬೇಕರಿಯ ಒಲೆಯನ್ನು 1862ರಲ್ಲಿ ತೆರೆದಾಗ ಒಳಗೆ 81 ರೊಟ್ಟಿಗಳು ಕರಕಲಾಗಿ ಹಾಗೆಯೇ ಕುಳಿತಿದ್ದವು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿ ಸಿಡಿದ ದಿನ ಒಲೆಗಿಟ್ಟವು. ಪೊಂಪೇಯಿಯ ರೊಟ್ಟಿ ಎಂದರೆ ದಪ್ಪನೆಯ ದುಂಡು ರೊಟ್ಟಿ, ಮುರಿಯಲು ಸುಲಭವಾಗಲೆಂದು ಮೇಲೆ ಎಂಟು ಹೋಳಿನ ಗೀರು.

ಈಗ ಹಂಚುವ ಜಾಗಕ್ಕೆ ಬರೋಣ. ಚಕ್ರವರ್ತಿಗಳ ಕಾಲದಲ್ಲಿ ಪೋರ್ಟಿಕಸ್ ಮಿನುಸಿಯಾ ಎಂಬ ಕಂಬಸಾಲಿನ ಕಟ್ಟಡದಲ್ಲಿ ಗೋಧಿ ಕೊಡುತ್ತಿದ್ದರು. ಎರಡು ಲಕ್ಷ ಜನ ಒಂದೇ ದಿನ ನುಗ್ಗಬಾರದೆಂದು ಪ್ರತಿಯೊಬ್ಬನಿಗೂ ತಿಂಗಳಿನಲ್ಲಿ ಒಂದು ದಿನ ಮತ್ತು ಒಂದು ಬಾಗಿಲು ಗೊತ್ತಾಗಿತ್ತು. ಗುರುತಿಗೆ ಟೆಸೆರಾ ಎಂಬ ಬಿಲ್ಲೆ, ನಮ್ಮ ಪಡಿತರ ಚೀಟಿಯಂತೆ. ಈ ಸರಬರಾಜಿಗೆಲ್ಲ ಒಟ್ಟಾಗಿ ಅನ್ನೋನಾ ಎನ್ನುತ್ತಿದ್ದರು. ಕಿವಿಗೆ ನಮ್ಮ ಅನ್ನದಂತೆಯೇ ಕೇಳಿಸುತ್ತದೆ, ಸಂಬಂಧವೇನೂ ಇಲ್ಲ. ವರ್ಷ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು, ವರ್ಷದ ಫಸಲು ಎಂದು ಅದರ ಮೂಲ ಅರ್ಥ.

ರೋಮಿನಲ್ಲಿ ಸಿಕ್ಕ ಒಂದು ಸಮಾಧಿ ಬರಹವನ್ನು ನಾನು ಮರೆಯಲಾರೆ. ಗಾಯಸ್ ಸೆರ್ಗಿಯಸ್ ಅಲ್ಕಿಮಸ್ ಎಂಬ ಹುಡುಗನದ್ದು. ಬದುಕಿದ್ದು ಮೂರು ವರ್ಷ, ಮೂರು ತಿಂಗಳು, ಮೂರು ದಿನ. ಅದರ ಮುಂದೆ ಇನ್ನೊಂದೇ ಸಂಗತಿ ಕೆತ್ತಿದ್ದಾರೆ: ಹತ್ತನೆಯ ದಿನ, 39ನೆಯ ಬಾಗಿಲಿನಲ್ಲಿ ಇವನು ಗೋಧಿ ಪಡೆಯುತ್ತಿದ್ದ. ಮಗುವಿನ ಕಲ್ಲಿನ ಮೇಲೆ ತಂದೆತಾಯಿ ಏನೇನೋ ಬರೆಸಬಹುದಿತ್ತು. ಅವರು ಬರೆಸಿದ್ದು ಪಡಿಯ ದಿನ ಮತ್ತು ಬಾಗಿಲ ಸಂಖ್ಯೆ. ನಾಚಿಕೆ ಪಡುವ ದಾನವಾಗಿದ್ದರೆ ಸತ್ತ ಮಗನ ಹೆಸರಿನ ಪಕ್ಕ ಅದನ್ನು ಯಾರೂ ಕೆತ್ತಿಸುತ್ತಿರಲಿಲ್ಲ. ನಮ್ಮ ಮಗ ರೋಮಿನ ಪೌರನಾಗಿದ್ದ, ಅವನ ಹೆಸರು ಪಟ್ಟಿಯಲ್ಲಿತ್ತು ಎಂಬ ಅಭಿಮಾನ ಆ ಸಾಲಿನಲ್ಲಿದೆ.

ಇಷ್ಟು ಗೋಧಿ ಬರುತ್ತಿದ್ದುದು ಸಿಸಿಲಿ, ಸಾರ್ಡಿನಿಯಾ, ಇಂದಿನ ಟ್ಯುನೀಶಿಯಾದ ಭಾಗದ ಆಫ್ರಿಕಾ, ಮತ್ತು ಈಜಿಪ್ಟಿನಿಂದ. ಅಲೆಕ್ಸಾಂಡ್ರಿಯಾದಿಂದ ಹೊರಟ ಹಡಗು ಎದುರುಗಾಳಿಯಲ್ಲಿ ತಿಂಗಳುಗಟ್ಟಲೆ ಸಾಗಬೇಕು. ಚಳಿಗಾಲದಲ್ಲಿ ಸಮುದ್ರಯಾನವೇ ಬಂದ್. ಬೈಬಲ್ಲಿನಲ್ಲಿ ಸಂತ ಪೌಲನನ್ನು ಹೊತ್ತು ಮಾಲ್ಟಾದ ಬಳಿ ಒಡೆದದ್ದು ಇಂಥದೇ ಅಲೆಕ್ಸಾಂಡ್ರಿಯಾದ ಹಡಗು. ಅದರಲ್ಲಿ 276 ಜನರಿದ್ದರು, ಹಗುರ ಮಾಡಲು ಗೋಧಿಯನ್ನು ಸಮುದ್ರಕ್ಕೆ ಸುರಿದರು ಎಂದು ಅಲ್ಲಿ ಬರೆದಿದೆ. ಬಂದರಿನ ಊರಾದ ಒಸ್ಟಿಯಾದಲ್ಲಿ ಧಾನ್ಯ ಅಳೆಯುವವರ ಸಂಘದ ಕಟ್ಟಡವಿದೆ. ಅದರ ನೆಲದ ಮೊಸಾಯಿಕ್ ಚಿತ್ರದಲ್ಲಿ ಹಮಾಲಿ ಹೆಗಲ ಮೇಲೆ ಮೂಟೆ ಹೊತ್ತು ಬರುತ್ತಿದ್ದಾನೆ, ಅಳೆಯುವವನು ಮೋಡಿಯಸ್ಸಿನ ಬಾಯಿಗೆ ಎಳೆದು ಸಮ ಮಾಡುವ ಕೋಲು ಹಿಡಿದು ನಿಂತಿದ್ದಾನೆ, ಇನ್ನೊಬ್ಬನ ಕೈಯಲ್ಲಿ ಮೂಟೆಗಳ ಲೆಕ್ಕಕ್ಕೆ ದಾರದಲ್ಲಿ ಪೋಣಿಸಿದ ಚೂರುಗಳಿವೆ.

ಹಡಗು ತಡವಾದರೆ ಚಕ್ರವರ್ತಿಯ ತಲೆಗೇ ಬರುತ್ತಿತ್ತು. ಕ್ರಿ.ಶ. 51ರಲ್ಲಿ ನಗರದಲ್ಲಿ ಉಳಿದಿದ್ದುದು ಹದಿನೈದು ದಿನದ ಧಾನ್ಯ. ಜನ ಕ್ಲಾಡಿಯಸ್ ಚಕ್ರವರ್ತಿಯನ್ನು ಪೇಟೆಚೌಕದಲ್ಲಿ ಮುತ್ತಿ, ಬೈದು, ಒಣರೊಟ್ಟಿಯ ಚೂರುಗಳನ್ನು ಎಸೆದರು. ಅವನು ಹೇಗೋ ಹಿಂಬಾಗಿಲಿನಿಂದ ಅರಮನೆ ಸೇರಿಕೊಂಡ. ಚಳಿಗಾಲದಲ್ಲೂ ಹಡಗು ಹೂಡುವ ವರ್ತಕರಿಗೆ, ಬಿರುಗಾಳಿಯಲ್ಲಿ ನಷ್ಟವಾದರೆ ತಾನು ತುಂಬಿಕೊಡುತ್ತೇನೆ ಎಂದು ಮಾತು ಕೊಟ್ಟ. ಒಸ್ಟಿಯಾದ ಪಕ್ಕದಲ್ಲಿ ಅವನು ಕ್ರಿ.ಶ. 42ರಲ್ಲೇ ಶುರು ಮಾಡಿದ್ದ ಹೊಸ ಬಂದರನ್ನು ಮುಂದೆ ಟ್ರಾಜನ್ ಚಕ್ರವರ್ತಿ ಆರು ಮೂಲೆಯ ಕೊಳವೊಂದನ್ನು ಸೇರಿಸಿ ವಿಸ್ತರಿಸಿದ.

ಇನ್ನು ಸೋಮಾರಿತನದ ಮಾತು. ಈ ಆರೋಪ ಹೊಸದಲ್ಲ, ಗ್ರಾಕಸನ ಕಾನೂನು ಬಂದಾಗಲೇ ಸಿರಿವಂತರು ಹೊರಿಸಿದ್ದರು. ಆಗಸ್ಟಸ್ ಕೂಡ ಇದರಿಂದ ಬೇಸಾಯ ಹಾಳಾಗುತ್ತದೆಂದು ಹಂಚಿಕೆ ನಿಲ್ಲಿಸುವ ಯೋಚನೆ ಮಾಡಿ, ತಾನು ನಿಲ್ಲಿಸಿದರೂ ಮುಂದೆ ಜನಮೆಚ್ಚುಗೆಗೆ ಯಾರಾದರೂ ತಂದೇ ತರುತ್ತಾರೆಂದು ಕೈಬಿಟ್ಟ. ಆಮೇಲೆ ವ್ಯಂಗ್ಯಕವಿ ಜುವೆನಾಲ್, ಒಂದು ಕಾಲಕ್ಕೆ ಸೇನಾಧಿಪತ್ಯವನ್ನೂ ಪದವಿಗಳನ್ನೂ ಕೊಡುತ್ತಿದ್ದ ಜನರಿಗೆ ಈಗ ರೊಟ್ಟಿ ಮತ್ತು ರಥದ ಓಟ ಎರಡೇ ಸಾಕಾಗಿವೆ ಎಂದು ಬರೆದ. ಎಲ್ಲರೂ ಎತ್ತಿ ಆಡುವುದು ಆ ಎರಡೇ ಪದಗಳನ್ನು. ಅವನ ದೂರು ಇದ್ದದ್ದು ಜನರ ಮತದ ಅಧಿಕಾರ ಹೋಯಿತು ಎಂಬುದರ ಬಗ್ಗೆ. ಅದನ್ನು ಕಸಿದುಕೊಂಡದ್ದು ಗೋಧಿಯಲ್ಲ, ಚಕ್ರವರ್ತಿಗಳು.

ಜನ ದುಡಿಯುತ್ತಿದ್ದರು ಎಂಬುದಕ್ಕೆ ವೆಸ್ಪೇಸಿಯನ್ ಚಕ್ರವರ್ತಿಯ ಒಂದು ಪ್ರಸಂಗ ಸಾಕು. ಭಾರೀ ಕಂಬಗಳನ್ನು ಕಡಿಮೆ ಖರ್ಚಿನಲ್ಲಿ ಸಾಗಿಸುವ ಉಪಾಯವನ್ನು ಒಬ್ಬ ಯಂತ್ರ ಬಲ್ಲವನು ತಂದು ತೋರಿಸಿದ. ಚಕ್ರವರ್ತಿ ಒಳ್ಳೆಯ ಇನಾಮು ಕೊಟ್ಟ, ಉಪಾಯವನ್ನು ಮಾತ್ರ ಬಳಸಲಿಲ್ಲ. ಕೂಲಿ ಕೊಟ್ಟು ತನ್ನ ಬಡಜನರ ಹೊಟ್ಟೆ ತುಂಬಿಸಲು ತನ್ನನ್ನು ಬಿಡಬೇಕು ಎಂಬುದು ಅವನು ಕೊಟ್ಟ ಕಾರಣ. ಎಲ್ಲರೂ ಪುಕ್ಕಟೆ ಗೋಧಿ ತಿಂದು ಮಲಗಿದ್ದ ಊರಿನಲ್ಲಿ ಈ ಮಾತಿಗೆ ಅರ್ಥವೇ ಇರುವುದಿಲ್ಲ.

ಕಾಲದ ಲೆಕ್ಕವನ್ನೂ ನೋಡಿ. ಪುಕ್ಕಟೆ ಹಂಚಿಕೆ ಶುರುವಾದದ್ದು ಕ್ರಿ.ಪೂ. 58ರಲ್ಲಿ, ಸಾಮ್ರಾಜ್ಯದ ಪಶ್ಚಿಮ ಭಾಗದ ಕೊನೆಯ ಚಕ್ರವರ್ತಿ ಪದವಿ ಕಳೆದುಕೊಂಡದ್ದು ಕ್ರಿ.ಶ. 476ರಲ್ಲಿ. ನಡುವೆ ಐನೂರು ವರ್ಷಕ್ಕೂ ಹೆಚ್ಚು. ಸಾಮ್ರಾಜ್ಯ ತನ್ನ ಅತಿ ದೊಡ್ಡ ವಿಸ್ತಾರ ಮುಟ್ಟಿದ್ದು ಈ ಅವಧಿಯಲ್ಲೇ, ಕ್ರಿ.ಶ. 117ರ ಹೊತ್ತಿಗೆ.

ಕಾಳಿನ ಬದಲು ಸುಟ್ಟ ರೊಟ್ಟಿ ಕೊಡುವ ಪದ್ಧತಿ ನೆಲೆಗೊಂಡದ್ದು ಕ್ರಿ.ಶ. 270ರ ದಶಕದಲ್ಲಿ, ಔರೇಲಿಯನ್ ಚಕ್ರವರ್ತಿಯಿಂದ. ಅವನು ಹಂದಿಮಾಂಸವನ್ನೂ ಸೇರಿಸಿದ. ಕ್ರಿ.ಶ. 332ರಿಂದ ಹೊಸ ರಾಜಧಾನಿ ಕಾನ್‌ಸ್ಟಾಂಟಿನೋಪಲ್ಲಿನಲ್ಲೂ ಹಂಚಿಕೆ ಶುರುವಾಗಿ ಈಜಿಪ್ಟಿನ ಗೋಧಿ ಅತ್ತ ತಿರುಗಿತು. ರೋಮಿಗೆ ಉಳಿದದ್ದು ಮುಖ್ಯವಾಗಿ ಆಫ್ರಿಕಾ. 439ರಲ್ಲಿ ವ್ಯಾಂಡಲರು ಎಂಬ ಜರ್ಮನ್ ಬುಡಕಟ್ಟಿನವರು ಆಫ್ರಿಕಾದ ಮುಖ್ಯ ನಗರ ಕಾರ್ತೇಜನ್ನು ಹಿಡಿದುಕೊಂಡರು, ಆ ದಾರಿಯೂ ಅವರ ಕೈಗೆ ಹೋಯಿತು, ನಗರ ಬಹುಬೇಗ ಬರಿದಾಗುತ್ತಾ ಬಂತು. ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಹಂಚಿಕೆ 618ರವರೆಗೆ ನಡೆಯಿತು. ಆ ಹೊತ್ತಿಗೆ ಪರ್ಷಿಯನ್ನರು ಈಜಿಪ್ಟಿಗೆ ನುಗ್ಗಿದ್ದರು, ಗೋಧಿಯ ಹಡಗುಗಳು ಬರುವುದು ನಿಂತಿತು.